ಎ.ಸಿ. ಮೆಕ್ಯಾನಿಕ್ ಸಿಂಗಾಪುರ ನೋಡಿದ್ದು

ಊರು ನೋಡುವುದೂ ಒಂದು ವಿದ್ಯೆ. ಅದನ್ನು ನನಗೆ ಯಾರೂ ಕಲಿಸಲಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಮಂಗಳೂರಿನ ಫ್ರಿಜ್ ರಿಪೇರಿ ಅಂಗಡಿಯಲ್ಲಿ ಸ್ಪ್ಯಾನರ್ ಹಿಡಿದವನು ನಾನು. ಅಲ್ಲಿಂದ ಒಮಾನಿಗೆ ಬಂದು, ಅಲ್ ಮಬೇಲಾದ ವರ್ಕ್‌ಶಾಪಿನಲ್ಲಿ ಹತ್ತೊಂಬತ್ತು ವರ್ಷ ದುಡಿದು, ದೊಡ್ಡ ಕಟ್ಟಡಗಳನ್ನು ತಂಪು ಮಾಡುವ ಚಿಲ್ಲರ್ ಯಂತ್ರಗಳಿಗೆ ಕಿವಿಯಿಟ್ಟೇ ಅವುಗಳ ಕಾಯಿಲೆ ಹೇಳುವಷ್ಟಾಗಿ, ಫೋರ್‌ಮನ್ ಆದೆ. ಇದನ್ನು ಸ್ವಲ್ಪ ಜಂಬದಿಂದಲೇ ಹೇಳುತ್ತಿದ್ದೇನೆ. ಆದರೆ ಕೈಯಲ್ಲಿ ಕೆಲಸವಿಲ್ಲದೆ ಒಂದು ಕಡೆ ನಿಂತು ‘ಎಷ್ಟು ಚೆಂದ’ ಎನ್ನುವುದು ಹೇಗೆಂದು ಇವತ್ತಿಗೂ ನನಗೆ ತಿಳಿಯದು.

ಅಂಥ ನಾನು ಸಿಂಗಾಪುರಕ್ಕೆ ಟೂರ್ ಹೋದೆನೆಂದರೆ ಅದಕ್ಕೆ ಕಚ್ಚಾ ಎಣ್ಣೆಯ ಬೆಲೆ ಬಿದ್ದದ್ದೇ ಕಾರಣ. ಆ ವರ್ಷಗಳಲ್ಲಿ ಅರ್ಧ ಎದ್ದ ಕಟ್ಟಡಗಳು ಅರ್ಧಕ್ಕೇ ನಿಂತವು. ಕಟ್ಟಡವೇ ಇಲ್ಲದ ಮೇಲೆ ಅದನ್ನು ತಂಪು ಮಾಡುವವನು ಯಾಕೆ? ಒಂದು ಬೆಳಿಗ್ಗೆ ಮ್ಯಾನೇಜರು ನನ್ನನ್ನು ಒಳಗೆ ಕರೆದು, ಎಂದೂ ಇಲ್ಲದ್ದು, ಚಹಾ ತರಿಸಿದರು. “ವಿಶ್ವನಾಥ್, ನೀವು ಸರಿಯಾಗಿ ಲೀವೇ ತಗೊಂಡಿಲ್ಲ. ಆರಾಮ ಮಾಡಿ. ಪ್ರಾಜೆಕ್ಟ್ ಬಂದ ಕೂಡಲೇ ಫೋನ್ ಮಾಡ್ತೇವೆ” ಎಂದರು. ಹಾಗೆ ಆರಾಮ ಮಾಡಲು ಹೋದವರಲ್ಲಿ ಒಬ್ಬನಿಗೂ ಫೋನ್ ಬಂದದ್ದನ್ನು ನಾನು ಕಂಡಿರಲಿಲ್ಲ.

ಇಂಥ ರಜೆಯಲ್ಲಿ ಎಲ್ಲರೂ ಊರಿಗೆ ಹೋಗುತ್ತಾರೆ. ನನಗೆ ಅದೇ ಭಯ. ಗಲ್ಫಿನಿಂದ ಬಂದವನನ್ನು ನಮ್ಮ ಕಡೆ ‘ಚೆನ್ನಾಗಿದ್ದೀಯಾ’ ಎಂದು ಕೇಳುವ ಮೊದಲು ‘ಯಾವಾಗ ವಾಪಸ್ಸು?’ ಎಂದು ಕೇಳುವುದು ಪದ್ಧತಿ. ರಿಕ್ಷಾದವನು ಕೇಳುತ್ತಾನೆ, ಮೀನಿನವಳು ಕೇಳುತ್ತಾಳೆ, ಮದುವೆಯೂಟದಲ್ಲಿ ಪಕ್ಕದ ಎಲೆಯವನೂ ಕೇಳುತ್ತಾನೆ. ಇಷ್ಟು ವರ್ಷ ಠಣ್ಣನೆ ತಾರೀಕು ಹೇಳಿದ ಬಾಯಿ ಈಗ ಏನು ಹೇಳಬೇಕು? ಅದಕ್ಕೇ ಒಮಾನಿನಲ್ಲಿ ಜೊತೆಗೇ ಇದ್ದ ಹೆಂಡತಿ ಶಶಿಕಲಾಳಿಗೂ ನಿಜ ಹೇಳದೆ, “ಕಂಪನಿ ಲೀವ್ ಕೊಟ್ಟಿದೆ. ಈ ಸಲ ಊರಲ್ಲ, ಸಿಂಗಾಪುರ” ಎಂದೆ. ಅವಳು ನನ್ನ ಮುಖ ನೋಡಿ “ಆಯ್ತು” ಎಂದಳು. ನಮ್ಮ ಸಂಸಾರದಲ್ಲಿ ಅವಳು ಯಾವುದಕ್ಕೂ ಅಷ್ಟು ಬೇಗ ಒಪ್ಪಿದ್ದಿಲ್ಲ. ನನಗೆ ಆಗಲೇ ಸಂಶಯ ಬರಬೇಕಿತ್ತು.

ನೋಡಬೇಕಾದ ಜಾಗಗಳ ಪಟ್ಟಿ ಮಗಳು ದೀಕ್ಷಾಳದು. ಮೊದಲನೆಯದು ಸಿಂಹದ ತಲೆ, ಮೀನಿನ ಬಾಲದ ಬಿಳಿ ಮೂರ್ತಿ. ಅದರ ಬಾಯಿಂದ ಹಗಲಿಡೀ ನೀರು ಚಿಮ್ಮುತ್ತದೆ. ಜನ ಆ ನೀರು ಕುಡಿಯುವವರ ಹಾಗೆ ಬಾಯಿ ತೆರೆದು ಫೋಟೋ ತೆಗೆಸಿಕೊಳ್ಳುತ್ತಾರೆ. ನಾನು ಪಂಪ್ ಎಲ್ಲಿದೆಯೆಂದು ಹುಡುಕುತ್ತ ಹಿಂದಕ್ಕೆ ಹೋದೆ. “ಪಪ್ಪಾ, ಪ್ಲೀಸ್, ಜಸ್ಟ್ ಲುಕ್ ಅಟ್ ಇಟ್” ಎಂದಳು ಮಗಳು. ಲುಕ್ಕೇ ಮಾಡುತ್ತಿದ್ದೆ, ಹಿಂದಿನಿಂದ.

ಮರುದಿನ ಗಾಜಿನ ಮನೆಯೊಳಗಿನ ತೋಟ. ಹೊರಗೆ ನಮ್ಮ ಮಂಗಳೂರಿನದೇ ಬೆವರು. ಒಳಗೆ ಕಾಲಿಟ್ಟರೆ ಚಳಿ, ಮಂಜು, ಎಷ್ಟೋ ಮಾಳಿಗೆಗಳ ಎತ್ತರದಿಂದ ಧುಮುಕುವ ನೀರು. ಎಲ್ಲರೂ ಕತ್ತು ಮೇಲೆತ್ತಿ ನಿಂತಿದ್ದರೆ ನಾನು ಕೆಳಗೆ ನೋಡಿದೆ. ಇಷ್ಟೆತ್ತರದ ಗಾಜಿನ ಡಬ್ಬಿಯನ್ನು ತಂಪು ಮಾಡುವುದೆಂದರೆ ತಮಾಷೆಯಲ್ಲ. ನೆಲದ ಬಳಿಯ ಜಾಲರಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಕೈ ಹಿಡಿದೆ. ತಂಪುಗಾಳಿಯನ್ನು ಜನ ನಿಲ್ಲುವಷ್ಟು ಎತ್ತರಕ್ಕೆ ಮಾತ್ರ ಬಿಟ್ಟು, ಬಿಸಿಗಾಳಿಯನ್ನು ಅದರ ಪಾಡಿಗೆ ಮೇಲಕ್ಕೆ ಬಿಟ್ಟಿದ್ದಾರೆ. ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಶಶಿಕಲಾ ನನ್ನ ಪರಿಚಯವೇ ಇಲ್ಲದವಳಂತೆ ಒಂದು ಜರಿಗಿಡದ ಹಿಂದೆ ಸರಿದಳು.

ಯಾರಿಗೋ ಎದೆನೋವು ಬಂದಿದೆಯೆಂದು ತಿಳಿದು ಅಲ್ಲಿನ ನೌಕರನೊಬ್ಬ ಓಡಿ ಬಂದ. ಸೆಲ್ವಂ ಎಂದು ಹೆಸರು, ನನ್ನದೇ ವಯಸ್ಸು, ನನ್ನದೇ ಕಸುಬು. ವರ್ಕ್‌ಶಾಪಿನಲ್ಲಿ ಕಲಿತ ತಮಿಳಿನಲ್ಲಿ ನಾನು ಕೇಳಿದ್ದಕ್ಕೆಲ್ಲ ಆತ ಖುಷಿಯಿಂದ ಉತ್ತರ ಕೊಟ್ಟ. ಕೊನೆಗೆ ಸುಮ್ಮನೆ, ಬಾಯಿಮಾತಿಗೆ, ಕೇಳಿದ:

“ಅಣ್ಣಾ, ಲೀವಾ? ಯಾವಾಗ ವಾಪಸ್ಸು?”

ಸಮುದ್ರ ದಾಟಿ ಬಂದರೂ ಅದೇ ಪ್ರಶ್ನೆ. ಗುರುತಿಲ್ಲದವನ ಮುಂದೆ ಮಾನ ಹೋಗುವ ಭಯವಿಲ್ಲವೇನೋ, ಮೊದಲ ಸಲ ನಿಜ ಹೊರಬಂತು. “ಗೊತ್ತಿಲ್ಲ ತಮ್ಮಾ. ಅವರು ಕರೀಬೇಕು.”

ತಿರುಗಿ ನೋಡಿದರೆ ಶಶಿಕಲಾ ಜರಿಗಿಡ ಬಿಟ್ಟು ನನ್ನ ಹಿಂದೆಯೇ ನಿಂತಿದ್ದಳು.

“ನನಗೆ ಅವತ್ತೇ ಗೊತ್ತಿತ್ತು” ಎಂದಳು. “ಲೀವಲ್ಲಿ ದಿನಕ್ಕೆ ಹತ್ತು ಸಲ ಆಫೀಸಿಗೆ ಫೋನ್ ಮಾಡುವ ಜನ ನೀವು. ಈ ಸಲ ಫೋನನ್ನು ಎದೆ ಮೇಲೆ ಇಟ್ಟು ಮಲಗುದು. ಅಷ್ಟೂ ಗೊತ್ತಾಗುದಿಲ್ವಾ ನನಗೆ?”

“ಮತ್ತೆ ಟೂರಿಗೆ ಯಾಕೆ ಒಪ್ಪಿದ್ದು?”

“ಎಂತ ಮಾರಾಯ್ರೆ, ಕೆಲಸ ಇದ್ದಾಗ ನೀವು ನನ್ನನ್ನು ಎಲ್ಲಿಗೆ ಕರ್ಕೊಂಡು ಹೋಗಿದ್ದೀರಿ?”

ನಾನು ಮತ್ತೆ ಜಾಲರಿಯ ಕಡೆ ತಿರುಗಿದೆ.

ಕೊನೆಯ ದಿನ ಕೇಬಲ್ ಕಾರು. ಸಮುದ್ರದ ಮೇಲೆ ತೂಗುತ್ತಿರುವಾಗ ಫೋನ್ ಹೊಡೆಯಿತು: ಮ್ಯಾನೇಜರು. ಹೆಂಡತಿ ಮಗಳು ನನ್ನ ಹತ್ತಿರಕ್ಕೆ ಸರಿದರು.

“ವಿಶ್ವನಾಥ್, ಸೀಬ್ ಊರಿನ ಮದುವೆ ಹಾಲ್‌ನ ಚಿಲ್ಲರ್ ಹತ್ತು ನಿಮಿಷಕ್ಕೊಮ್ಮೆ ನಿಲ್ತಾ ಇದೆ. ಸಂಜೆ ಮದುವೆ. ಇಲ್ಲಿ ಯಾರಿಗೂ ತಲೆಬುಡ ತಿಳೀತಿಲ್ಲ.”

ನನ್ನ ಮುಖ ಅರಳಿತು. ಆ ಮುದಿ ಚಿಲ್ಲರನ್ನು ನನಗಿಂತ ಚೆನ್ನಾಗಿ ಬಲ್ಲವರು ಭೂಮಿಯ ಮೇಲಿಲ್ಲ. “ಎಡಗಡೆ ಪ್ಯಾನೆಲ್ ತೆಗೀರಿ. ಕೆಂಪು ನೂಲು ಕಟ್ಟಿದ ಪೈಪಿನಲ್ಲಿ ಒಂದು ಸ್ವಿಚ್ ಇದೆ, ಅದು ಕಚ್ಚಿಕೊಳ್ತದೆ. ಸ್ಪ್ಯಾನರಿನ ಹಿಂಬದಿಯಿಂದ ಎರಡು ಸಲ ತಟ್ಟಿ. ಮೂರನೇ ಸಲ ತಟ್ಟಬೇಡಿ.” ಆಚೆಯಿಂದ ಯಾರೋ ತಟ್ಟಿದ ಸದ್ದು. ಆಮೇಲೆ ಯಂತ್ರದ ಗುರ್ ಎಂಬ ದನಿ. “ಖಲಾಸ್, ಆಯ್ತು. ಥ್ಯಾಂಕ್ಯೂ ವಿಶ್ವನಾಥ್, ಆರಾಮ ಮಾಡಿ” ಎಂದು ಫೋನ್ ಇಟ್ಟರು.

“ಎಲ್ಲ ಹೇಳಿಬಿಟ್ಟಿರಾ?” ಎಂದಳು ಶಶಿಕಲಾ.

“ಹೇಳಿದೆ.”

“‘ನಾನೇ ಬಂದು ನೋಡಬೇಕು’ ಅಂತ ಹೇಳ್ಬಹುದಿತ್ತಲ್ವಾ?”

ಹೇಳಬಹುದಿತ್ತು. ಕೆಳಗೆ ಕಣ್ಣು ಹಾಯುವವರೆಗೂ ಹಡಗುಗಳು ಲಂಗರು ಹಾಕಿ ಸುಮ್ಮನೆ ನಿಂತಿದ್ದವು. ಸಿಂಗಾಪುರದಲ್ಲಿ ನಾನು ನಿಜವಾಗಿ ನೋಡಿದ್ದು ಅವನ್ನು ಮಾತ್ರ.

ಕಂಪನಿಯಿಂದ ಮತ್ತೆ ಫೋನ್ ಬರಲಿಲ್ಲ. ಈಗ ಒಮಾನಿನದೇ ಸುವೈಕ್‌ನಲ್ಲಿ ಒಬ್ಬ ಒಳ್ಳೆಯ ಕಫೀಲ್‌ನ, ಅಂದರೆ ವೀಸಾಕ್ಕೆ ಜವಾಬು ನಿಲ್ಲುವ ಅರಬ್ಬಿ ಧಣಿಯ, ಹೆಸರಿನಲ್ಲಿ ನಾನೇ ಒಂದು ಸಣ್ಣ ಎ.ಸಿ. ಅಂಗಡಿ ನಡೆಸುತ್ತಿದ್ದೇನೆ. ಗೋಡೆಯ ಮೇಲೆ ಶಶಿಕಲಾ ಬರೆದು ಅಂಟಿಸಿದ ಕಾಗದವಿದೆ: ‘ಯಂತ್ರ ನೋಡದೆ ಫೋನಿನಲ್ಲಿ ಏನನ್ನೂ ಹೇಳಲಾಗುವುದಿಲ್ಲ.’ ಗಿರಾಕಿಗಳಿಗೆಂದು ನೀವು ತಿಳಿಯಬಹುದು. ಆದರೆ ಅದು ಕನ್ನಡದಲ್ಲಿದೆ; ನನ್ನ ಅಂಗಡಿಗೆ ಬರುವವರಲ್ಲಿ ಕನ್ನಡ ಓದಬಲ್ಲವನು ಒಬ್ಬನೂ ಇಲ್ಲ. ನಿನ್ನೆ ದೂರದ ಬುರೈಮಿ ಊರಿನಿಂದ ಯಾರೋ ಚಿಲ್ಲರ್ ಕೆಟ್ಟಿದೆಯೆಂದು ಫೋನ್ ಮಾಡಿದ್ದರು. ಆ ಕಾಗದವನ್ನೇ ನೋಡುತ್ತ ಅರ್ಧ ಗಂಟೆ ಅವರಿಗೆ ಎಲ್ಲವನ್ನೂ ಹೇಳಿಕೊಟ್ಟೆ.