ಹೊಲಿಗೆ ಹಾಕಿದ ಹರೆಯ

ವಿರುಪಾಕ್ಷಪ್ಪನ ಗದ್ದದ ಕೆಳಗೆ ಜೋತುಬಿದ್ದಿದ್ದ ಎರಡು ಬೆರಳು ತೊಗಲೇ ಇಷ್ಟೆಲ್ಲ ರಾದ್ಧಾಂತಕ್ಕೆ ಮೂಲ.

ಅಥಣಿಯ ಮಗ್ಗುಲಲ್ಲಿ ಅವನದೊಂದು ದ್ರಾಕ್ಷಿ ತೋಟವಿತ್ತು. ದ್ರಾಕ್ಷಿ ಒಣಗಿ ಸುಕ್ಕಾದರೆ ರೇಟು ಏರುತ್ತದೆ, ಗಂಡಸು ಒಣಗಿ ಸುಕ್ಕಾದರೆ ಇಳಿಯುತ್ತದೆ ಎಂಬುದು ಅವನ ತೋಟಗಾರಿಕೆಯ ಸಾರ. ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಈಗ ಅಕ್ಕ ರಾಮವ್ವ ಓಡಾಡಿ ಒಂದು ಸಂಬಂಧ ಹುಡುಕಿದ್ದಳು. ಹೆಣ್ಣು ಕಾಗವಾಡದವರು, ಅಥಣಿಯ ಕನ್ಯಾ ಶಾಲೆಯಲ್ಲಿ ಪಾಠ ಹೇಳುವ ಲಕ್ಕವ್ವ ಅಕ್ಕೋರು. ನಲವತ್ತು ದಾಟಿದ್ದರೂ ಛತ್ರಿ ಹಿಡಿದು ಹೊರಟರೆ ಕಾಲೇಜು ಹುಡುಗಿಯಂತೆ ಕಾಣುತ್ತಿದ್ದರು. ಯುಗಾದಿ ಮುಗಿದ ಮೇಲೆ ಗಂಡು ನೋಡಲು ಬರುತ್ತೇವೆ ಎಂದು ಅವರ ಅಣ್ಣ ಗುರಪ್ಪ ಹೇಳಿಕಳಿಸಿದ್ದ.

ಅಂದಿನಿಂದ ವಿರುಪಾಕ್ಷಪ್ಪನಿಗೆ ಕನ್ನಡಿಯೇ ವೈರಿಯಾಯಿತು. ಅಕ್ಕೋರ ಪಕ್ಕ ತಾನು ನಿಂತರೆ ಹೊಸ ಹಿತ್ತಾಳೆ ಕೊಡದ ಪಕ್ಕ ತಗ್ಗು ಬಿದ್ದ ಡಬರಿ ಇಟ್ಟಂತೆ ಕಾಣುತ್ತದೆ! ಊರಿಗೆಲ್ಲ ‘ದ್ರಾಕ್ಷಿ ವ್ಯಾಪಾರ’ ಎಂದು ಹೇಳಿ ಮುಂಬಯಿಯ ಬಸ್ಸು ಹತ್ತಿದ. ಅಲ್ಲೊಬ್ಬ ಡಾಕ್ಟರು, ಸಡಿಲಾದ ಹಾಸಿಗೆಯ ಚಾದರ ಎಳೆದು ಗಾದಿಯ ಕೆಳಗೆ ಸಿಗಿಸುವಂತೆ, ಅವನ ಕೆನ್ನೆಯನ್ನು ಎಳೆದು ಕಿವಿಯ ಹಿಂದೆ ಸಿಗಿಸಿ ಹೊಲಿದರು. ಹೊಲಿದು, ಗದ್ದದಿಂದ ನೆತ್ತಿಗೆ ಪಟ್ಟಿ ಬಿಗಿದು, ಮೂಗಿನಲ್ಲೇ ಮಾತಾಡುತ್ತ ಕಟ್ಟಳೆ ಹಾಕಿದರು: “ಹಸನಾ ಮನಾ. ರೋನಾ ಮನಾ. ಚಬಾನಾ ಮನಾ. ಜಂಭಾಯಿ ತೋ ಬಿಲಕುಲ್ ಮನಾ!” ನಗಬಾರದು, ಅಳಬಾರದು, ಅಗಿಯಬಾರದು, ಆಕಳಿಸಬಾರದು. ತಲೆ ಎತ್ತರದಲ್ಲೇ ಇರಬೇಕು, ಕೂತೇ ನಿದ್ದೆ ಮಾಡಬೇಕು. ಮುಖ ಮೊದಲು ಬದನೆಕಾಯಿಯ ಬಣ್ಣ, ಆಮೇಲೆ ಹಸಿ ಪೇರಲದ ಬಣ್ಣ, ಕಡೆಗೆ ಹಣ್ಣು ಪೇರಲದ ಬಣ್ಣಕ್ಕೆ ತಿರುಗುತ್ತದೆ, ಗಾಬರಿ ಬೇಡ. ಕೆನ್ನೆ ಜೋಮು ಹಿಡಿದು, ಮುಟ್ಟಿದರೂ ಗೊತ್ತಾಗುವುದಿಲ್ಲ. ಕೆಲವು ದಿನ ಕಣ್ಣು ಪೂರ್ತಿ ಮುಚ್ಚುವುದಿಲ್ಲ.

ಮುಖಕ್ಕೆ ಟಾವೆಲ್ ಸುತ್ತಿಕೊಂಡು ಕಳ್ಳನಂತೆ ಊರಿಗೆ ಬಂದು, ನಡುಮನೆಯಲ್ಲಿ ಗೋಡೆಗೆ ದಿಂಬು ಆನಿಸಿಕೊಂಡು ಕೂತವನು ಕೂತೇ ಇದ್ದ. ಗುಟ್ಟು ಗೊತ್ತಿದ್ದದ್ದು ರಾಮವ್ವನಿಗೆ ಮಾತ್ರ. ಚಮಚದಲ್ಲಿ ಅಂಬಲಿ ಕುಡಿಸುತ್ತ ಅವಳು ದಿನವೂ ಗೊಣಗುತ್ತಿದ್ದಳು: “ದೇವರು ಕೊಟ್ಟ ಮಾರಿ ಬಿಚ್ಚಿ ಹೊಲಿಸಾಕ ಇದೇನ ಹಳೇ ಕೌದಿ ಏನೋ?”

ವಿರುಪಾಕ್ಷಪ್ಪ ನಗು ಬಂದರೂ ನಗಲಿಲ್ಲ. ನಕ್ಕರೆ ಹೊಲಿಗೆ ಬಿಚ್ಚುತ್ತದೆ. ಹೊಲಿಗೆ ಬಿಚ್ಚಿದರೆ ಗುಟ್ಟು ಬಿಚ್ಚುತ್ತದೆ. ಗುಟ್ಟು ಬಿಚ್ಚಿದರೆ ಅಕ್ಕೋರು ಕೈಬಿಟ್ಟು ಹೋಗುತ್ತಾರೆ.

ಆ ದಿನ ಬೆಳಿಗ್ಗೆ ರಾಮವ್ವ, ತಮ್ಮನ ಗಾಯ ಲಗೂ ಮಾಯಲೆಂದು ಮಂಗಸೂಳಿಯ ಮಲ್ಲಯ್ಯನಿಗೆ ಹರಕೆ ಮುಟ್ಟಿಸಲು ಹೊರಟಳು. “ಹೊರಗಿಂದ ಚಿಲಕಾ ಹಾಕ್ತೀನಿ. ಯಾರ ಕರದರೂ ಓ ಅನಬ್ಯಾಡ. ಸತ್ತಾಂಗ ಕುಂದರು.”

ವಿರುಪಾಕ್ಷಪ್ಪ ಅಕ್ಕನ ಮಾತನ್ನು ಅಕ್ಷರಶಃ ಪಾಲಿಸಿದ. ಕೂತಲ್ಲೇ ನಿದ್ದೆ ಹೋದ.

ಅಷ್ಟು ಹೊತ್ತಿಗೆ ಪಕ್ಕದ ಮನೆಯ ಸೋನಾಬಾಯಿ ಮೊಸರಿಗೆ ಹೆಪ್ಪು ಕೇಳಲು ಬಂದಳು. ಬಾಗಿಲಿಗೆ ಚಿಲಕ ಕಂಡರೆ ವಾಪಸು ಹೋಗುವ ಜಾತಿ ಅವಳದಲ್ಲ, ಕಿಟಕಿಯಲ್ಲಿ ಇಣುಕಿದಳು. ಒಳಗೆ ವಿರುಪಾಕ್ಷಪ್ಪ ಗೋಡೆಗೆ ಆತು ಕೂತಿದ್ದಾನೆ. ಗದ್ದದಿಂದ ನೆತ್ತಿಗೆ ಬಿಳಿ ಪಟ್ಟಿ. ಮುಖ ಹಳದಿ, ಕಣ್ಣು ಅರೆ ತೆರೆದಿವೆ. ಕೆನ್ನೆಯ ಮೇಲೆ ನೊಣವೊಂದು ತನ್ನದೇ ಹೊಲವೆಂಬಂತೆ ಅಡ್ಡಾಡುತ್ತಿದೆ. ಅವನು ಹುಬ್ಬನ್ನೂ ಅಲುಗಿಸುತ್ತಿಲ್ಲ.

ಆ ಓಣಿಯವರು ಸತ್ತವರನ್ನು ಮಲಗಿಸುವುದಿಲ್ಲ. ಬಾಯಿ ತೆರೆಯದಂತೆ ಗದ್ದಕ್ಕೆ ಪಟ್ಟಿ ಕಟ್ಟಿ, ಗೋಡೆಗೆ ಆನಿಸಿ ಕೂರಿಸುತ್ತಾರೆ. ಕೂತೇ ಮಣ್ಣು ಕಾಣಬೇಕು. ಹಾಗಿರುವಾಗ ಸೋನಾಬಾಯಿಗೆ ಬೇರೆ ಸಾಕ್ಷಿ ಯಾಕೆ ಬೇಕು?

“ಅಗಬಾಯಿ! ವಿರುಪಾಕ್ಷಪ್ಪಾ ಗೇಲೇ! ಹೋಗಿಬಿಟ್ಟಾನ! ಬರ್ರ್ಯೋ ಯಪ್ಪಾ, ಎಲ್ಲಾರೂ ಬರ್ರಿ!”

ಓಣಿ ಬಂತು. ಚಿಲಕ ತೆಗೆಯಿತು.

“ರಾಮವ್ವ ಎಲ್ಲಿ?” ಎಂದಿತು ಒಂದು ದನಿ.

“ಪಟ್ಟಿ ಕಟ್ಟಿ ಕುಂದರಿಸಿ, ಬೀಗರಿಗೆ ಸುದ್ದಿ ಮುಟ್ಟಸಾಕ ಹೋಗಿರಬೇಕು. ಮುಂಜಾನಿ ಅಳಕೋತ ಬಸ್‌ಸ್ಟ್ಯಾಂಡ ಕಡೆ ಹೊಂಟಿದ್ಲು, ನಾನ ನೋಡೀನಿ” ಎಂದಳು ಸೋನಾಬಾಯಿ. ರಾಮವ್ವ ಅತ್ತಿರಲಿಲ್ಲ, ಸೋನಾಬಾಯಿ ನೋಡಿರಲೂ ಇಲ್ಲ.

ವಿರುಪಾಕ್ಷಪ್ಪನಿಗೆ ಎಚ್ಚರವಾದಾಗ ಕೊರಳಲ್ಲಿ ಹಾರವಿತ್ತು, ಹಣೆಯ ಮೇಲೆ ವಿಭೂತಿ ಇತ್ತು, ಮುಂದೆ ಊದಿನಕಡ್ಡಿ ಹೊಗೆಯಾಡುತ್ತಿತ್ತು. ‘ಅಯ್ಯೋ’ ಎನ್ನಬೇಕೆಂದುಕೊಂಡವನು ತಡೆದುಕೊಂಡ. ಎದ್ದರೆ ಪಟ್ಟಿ ಯಾಕೆ ಎಂದು ಕೇಳುತ್ತಾರೆ, ಸೋನಾಬಾಯಿಯ ಕಿವಿಗೆ ಬಿದ್ದದ್ದು ಊಟದ ಹೊತ್ತಿಗೆ ಚಿಕ್ಕೋಡಿ ದಾಟಿ ನಿಪ್ಪಾಣಿ ಮುಟ್ಟುತ್ತದೆ. ಅಕ್ಕ ಬಂದು ಏನಾದರೂ ಸುಳ್ಳು ಹೇಳಿ ಓಡಿಸಲಿ, ಅಲ್ಲಿಯವರೆಗೆ ತಡೆಯೋಣ ಎಂದು ಉಸಿರು ಹಿಡಿದ.

ಸೋನಾಬಾಯಿ ಎದೆ ಬಡಿದುಕೊಂಡು ಹಾಡಿ ಅಳತೊಡಗಿದಳು: “ಎಂಥಾ ಚೆಲುವ ಗಂಡಸೋ ನನ್ನಪ್ಪಾ... ನಿನ್ನೆ ಮೊನ್ನೆ ಗೋಲಿಗುಂಡ ಆಡಿಧಾಂಗ ಐತೋ ನನ್ನಪ್ಪಾ... ಗಲ್ಲಾ ನೋಡ್ರೆವ್ವಾ, ಮಾವಿನ ಹಣ್ಣ ಆಗ್ಯಾವೋ ನನ್ನಪ್ಪಾ...”

“ಖರೇನ ಬೇ!” ಎಂದಳು ಹಿಂದಿನ ಸಾಲಿನ ಒಬ್ಬಳು. “ಬದುಕಿದ್ದಾಗ ಮುದುಕನಾಂಗ ಕಾಣತಿದ್ದ. ಸತ್ತ ಮ್ಯಾಗ ಏನ್ ಕಳಾ ಬಂದೈತಿ!”

ವಿರುಪಾಕ್ಷಪ್ಪನ ಎದೆ ಹಿಗ್ಗಿತು. ಯಾರಾದರೂ ಅವನನ್ನು ಚೆಲುವ ಎಂದು ಕರೆದದ್ದು ಇದೇ ಮೊದಲು. ಇನ್ನೂ ಎರಡು ಮಾತು ಕೇಳೋಣ ಎಂಬ ಆಸೆಗೆ ಬಿದ್ದು ಹೆಣವಾಗಿಯೇ ಮುಂದುವರಿದ.

ಅಷ್ಟರಲ್ಲಿ ಭಜನೆಯ ಮಾಯಪ್ಪ ತಾಳ ಹಿಡಿದು ಬಂದ. ಮಾಯಪ್ಪ ವಿಧುರ, ವಿರುಪಾಕ್ಷಪ್ಪನ ವಾರಿಗೆಯವನು. ಮುಖದ ತುಂಬ ಉಳುಮೆ ಮಾಡಿದ ಹೊಲದಂತೆ ಗೆರೆಗಳು. ದನಿ ಮಾತ್ರ ಎಣ್ಣೆ ಕಾಣದ ಕಬ್ಬಿನ ಗಾಣ. “ಶಿವಾ... ಕೊರ್‍ರ್‍... ಶಿವಾ... ಕೀಂವ್...” ಎಂದು ಅವನು ಶುರುಮಾಡಿದಾಗ ವಿರುಪಾಕ್ಷಪ್ಪನ ಹೊಟ್ಟೆಯೊಳಗೆ ನಗು ಕುದಿಯತೊಡಗಿತು. ಹಸನಾ ಮನಾ! ತುಟಿ ಬಿಗಿಹಿಡಿದ. ಅಂಗಳದಲ್ಲಿ ಯಾರೋ ಕೂಗಿದರು: “ಹೆಣಾ ಕುಂದರಿಸಾಕ ವಿಮಾನ ಕಟ್ಟಬೇಕು, ಬಿದರ ತರ್ರೋ!” ಮುಂಬಯಿಗೆ ಹೋಗಿಬರಲು ಬಸ್ಸೇ ಗತಿಯಾಗಿದ್ದವನಿಗೆ ಊರವರು ಬಿಟ್ಟಿಯಾಗಿ ವಿಮಾನ ಹತ್ತಿಸುತ್ತಿದ್ದಾರೆ! ಹೊಟ್ಟೆ ಗದಗದ ಕುಣಿಯಿತು.

“ಹೊಟ್ಟಿ ಅಳಗಾಡಿತು!” ಎಂದಿತೊಂದು ಕೂಸು.

“ಗ್ಯಾಸ್ ಇರತೈತಿ, ಸುಮ್ನಿರು” ಎಂದ ಮಾಯಪ್ಪ. ಆಮೇಲೆ ಹತ್ತಿರ ಬಂದು ಪಟ್ಟಿಯನ್ನು ಪರೀಕ್ಷಿಸಿದ. “ರಾಮವ್ವಗ ಕಟ್ಟಾಕ ಬಂದಿಲ್ಲ ನೋಡ್ರಿ, ಓರೆ ಆಗೇತಿ. ಬಿಚ್ಚಿ ಛಲೋತ್ನ್ಯಾಗ ಎಳದು ಕಟ್ಟೂಣು. ಕಾಲ ಒಬ್ರು ಹಿಡೀರಿ.”

ಮಾಯಪ್ಪನ ಹೆಬ್ಬೆರಳು ಕಿವಿಯ ಹಿಂದಕ್ಕೆ ಹೋಗಿ ಪಟ್ಟಿಯನ್ನು ಜಗ್ಗಿತು.

“ಹ್ವಲಿಗಿಲೇ! ಹ್ವಲಿಗಿ! ಬಿಡಲೇ ಮಾಯ್ಯಾ!” ಎಂದು ತೆರೆಯದ ಬಾಯಿಯಲ್ಲೇ ಹೆಣ ಕಿರುಚಿತು.

ಮುಂದಿನದು ಕಣ್ಣು ಮಿಟುಕಿಸುವಷ್ಟರಲ್ಲಿ ಆಯಿತು. ತಾಳವೊಂದು ದಿಕ್ಕಿಗೆ, ಮಾಯಪ್ಪನೊಂದು ದಿಕ್ಕಿಗೆ. ಸೋನಾಬಾಯಿ ತನ್ನ ಹೆಪ್ಪಿನ ಬಟ್ಟಲನ್ನೂ ಬಿಟ್ಟು ಹಿತ್ತಲ ಗೋಡೆ ಹಾರಿದಳು. ನಡುಮನೆ ಖಾಲಿಯಾಯಿತು. ಹೊಸ್ತಿಲಲ್ಲಿ ಇಬ್ಬರು ಮಾತ್ರ ಉಳಿದರು, ಸುದ್ದಿ ಕೇಳಿ ಆಗಷ್ಟೇ ಬಂದವರು. ಒಬ್ಬ ಗುರಪ್ಪ. ಅವನ ಹಿಂದೆ, ಮಡಚಿದ ಛತ್ರಿ ಹಿಡಿದು, ಲಕ್ಕವ್ವ ಅಕ್ಕೋರು.

ಗುರಪ್ಪ ನಡುಗುತ್ತಿದ್ದ. ಅಕ್ಕೋರು ನಡುಗಲಿಲ್ಲ, ನಲವತ್ತು ಹುಡುಗಿಯರ ವರ್ಗ ಆಳುವವರು. ನೇರ ಬಂದು, “ಏನಾಗೇತ್ರಿ ಮಾರಿಗೆ?” ಎಂದರು.

“ಜೇನಹುಳಾ... ಜೇನಹುಳಾ ಕಡದಾವ್ರಿ.”

ಅಕ್ಕೋರು ಛತ್ರಿಯ ತುದಿಯಿಂದ ಸಡಿಲಾದ ಪಟ್ಟಿಯನ್ನು ಸರಿಸಿ ನೋಡಿದರು. “ಕಡದು, ಕಿವಿ ಹಿಂದ ಹೊಲಿಗೀನೂ ಹಾಕಿ ಹೋಗ್ಯಾವೇನ್ರಿ?”

ಇನ್ನು ಮುಚ್ಚಿಟ್ಟು ಫಲವಿಲ್ಲ. ವಿರುಪಾಕ್ಷಪ್ಪ ಕೈಮುಗಿದ. “ನಿಮಗೋಸ್ಕರ ರೀ ಅಕ್ಕೋರ. ನಿಮ್ಮ ಬಾಜೂಕ ಮುದುಕ ಕಾಣಬಾರದಂತ ಮುಂಬಯಿಗೆ ಹೋಗಿ ಜಗ್ಗಿಸಿಕೊಂಡ ಬಂದೇನಿ. ಇನ್ನೊಂದಿಷ್ಟ ದಿನ ತಡದ್ರ ಬಾವು ಇಳೀತೈತಿ, ಹುಡುಗನ್ಹಾಂಗ ಆಗ್ತೀನಿ!”

ಅಕ್ಕೋರು ಛತ್ರಿಯನ್ನು ಗೋಡೆಗೆ ಆನಿಸಿಟ್ಟರು.

“ಹೋದ ವರ್ಷ ಸಂತ್ಯಾಗ ನಿಮ್ಮನ್ನ ನೋಡಿದ್ದೆ. ಬಳಿಗಾರನ ಜೋಡಿ ಮಾತಾಡಿ ನಗಾಕತ್ತಿದ್ರಿ. ನಕ್ಕಾಗ ಕಣ್ಣಿನ ಸುತ್ತ, ಗಲ್ಲದ ಮ್ಯಾಲ, ಏನ ಗೆರಿ ಬೀಳತಿದ್ದವು! ಇಷ್ಟ ನಗಾಂವ ಮನ್ಯಾಗ ಇದ್ರ ಚಂದ ಅನಿಸಿತು. ಅದಕ್ಕ ಅಣ್ಣಗ ಹೂಂ ಅಂದೆ.” “ಈಗ ಪಾಟಿ ಒರಿಸಿಧಾಂಗ ಎಲ್ಲಾ ಒರಿಸಿಕೊಂಡ ಬಂದೀರಿ. ನಿಮ್ಮ ಬಾಜೂಕ ನಾ ನಿಂತ್ರ ನಿಮ್ಮವ್ವ ಕಂಡಾಂಗ ಕಾಣತೀನಿ.”

ವಿರುಪಾಕ್ಷಪ್ಪ ಚಡಪಡಿಸಿದ. “ಮತ್ತ ಜೋತ ಬೀಳತಾವ್ರಿ! ಡಾಕ್ಟರ ಹೇಳ್ಯಾರ! ಹತ್ತ ವರ್ಷದಾಗ ಎಲ್ಲಾ ಮದಲಿನ್ಹಾಂಗ ಬೀಳತಾವು. ಬೇಕಾದ್ರ ಬಿಸಲಾಗ ಕುಂದರತೀನಿ, ಇನ್ನೂ ಲಗೂ ಬೀಳತಾವು!”

“ಹತ್ತ ವರ್ಷ ಯಾರ ಕಾಯಬೇಕ್ರಿ?”

ಆಗ ತನ್ನ ತಾಳ ಹುಡುಕಲು ಮಾಯಪ್ಪ ಕಂಬದ ಹಿಂದಿನಿಂದ ಮೆಲ್ಲಗೆ ಇಣುಕಿದ. ಜೀವಂತ ಮನುಷ್ಯನ ಗದ್ದ ಕಟ್ಟಲು ಹೊರಟಿದ್ದ ನಾಚಿಕೆಗೆ ಹಲ್ಲು ಕಿರಿದ. ಮುಖದ ಗೆರೆಗಳೆಲ್ಲ ಒಮ್ಮೆಗೇ ಎದ್ದು ಕುಣಿದವು. ಅಕ್ಕೋರು ಅತ್ತ ತಿರುಗಿದರು. ತಿರುಗಿದವರು ಅಲ್ಲೇ ನಿಂತರು.

“ಅಣ್ಣಾ,” ಎಂದರು ಮೆಲ್ಲಗೆ, “ಇವರು ಯಾರು?”

ವೈಶಾಖದಲ್ಲಿ ಮಾಯಪ್ಪನ ಮದುವೆಯಾಯಿತು. ಅಷ್ಟರಲ್ಲಿ ವಿರುಪಾಕ್ಷಪ್ಪನ ಬಾವು ಪೂರ್ತಿ ಇಳಿದು, ಮುಖ ಇಸ್ತ್ರಿ ಮಾಡಿದ ಅಂಗಿಯಂತೆ ನುಣುಪಾಗಿತ್ತು. ಊಟದ ಪಂಗತಿಯಲ್ಲಿ ತನ್ನ ವಾರಿಗೆಯವರ ನಡುವೆ ಕೂರಲು ಹೋದವನನ್ನು ಗುರಪ್ಪ ರಟ್ಟೆ ಹಿಡಿದು ಎಬ್ಬಿಸಿದ. ಗುರುತು ಸಿಕ್ಕಿರಲಿಲ್ಲ.

“ಏ ತಮ್ಮಾ, ಹಿರ್‍ಯಾರ ಕುಂದ್ರೂ ಜಾಗಾ ಅದು. ಹರೇದ ಹುಡುಗ ಅದಿ, ಸಾರಿನ ಬಕೀಟ ಹಿಡಿ!”

ಬಕೀಟು ಹಿಡಿದು ಬಗ್ಗಿ ಬಗ್ಗಿ ಬಡಿಸುತ್ತ ವಿರುಪಾಕ್ಷಪ್ಪ ಮದುಮಕ್ಕಳ ಎಲೆಯ ಮುಂದೆ ಬಂದ. ಮಾಯಪ್ಪ ಗೆರೆಗೆರೆಯಾಗಿ ನಗುತ್ತಿದ್ದ. ಅಕ್ಕೋರು ಸಾಕೆಂದು ಕೈ ಅಡ್ಡ ಹಿಡಿದರು. ತಲೆಯೆತ್ತಿ ನೋಡಿ, ಅಕ್ಕರೆಯಿಂದ ಅಂದರು:

“ಛಲೋ ಬಡಸ್ತಿ ನೋಡಪಾ. ಚಿಂತಿ ಮಾಡಬ್ಯಾಡ, ಮುಂದಿನ ವರ್ಷ ನಿನಗೂ ಒಂದ ಹೆಣ್ಣ ನೋಡೂಣು.”