ವಿಮಾನಕ್ಕೆ ಸ್ವಿಚ್ ಆರಿಸಿದ್ದು

ಸ್ವಿಚ್ಚಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಡೊಂಬಿವಲಿ ಪೂರ್ವದಲ್ಲಿ, ಸ್ಟೇಷನ್ನಿಗೆ ಹತ್ತಿರವೇ, ನನ್ನ ಇಲೆಕ್ಟ್ರಿಕ್ ಸಾಮಾನಿನ ಅಂಗಡಿ ಇದೆ. ಸುತ್ತಲಿನ ಎಷ್ಟೋ ಸೊಸೈಟಿಗಳಲ್ಲಿ ಜನ ಬೆಳಿಗ್ಗೆ ಎದ್ದು ಮೊದಲು ಮುಟ್ಟುವುದು ದೇವರ ಪಟವನ್ನಲ್ಲ, ನಾನು ಮಾರಿದ ಸ್ವಿಚ್ಚನ್ನು! ಟಕ್ ಎಂಬ ಸದ್ದು ಕೇಳಿದರೆ ಸಾಕು, ಅದು ಎಷ್ಟು ವರ್ಷ ಬಾಳುತ್ತದೆಂದು ಹೇಳಬಲ್ಲೆ ಎಂದು ನಾನು ಗಿರಾಕಿಗಳ ಮುಂದೆ ಹೇಳುವುದುಂಟು. ಗಿರಾಕಿಗಳು ನಂಬುವುದೂ ಉಂಟು.

ಹಾಗಾಗಿ ಸದಾನಂದ ತನ್ನ ವಿಮಾನಕ್ಕೆ ಸ್ವಿಚ್ ಆರಿಸಿಕೊಡಿ ಎಂದು ಕೇಳಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಇಷ್ಟು ತಡವಾಗಿ ಕೇಳಿದನಲ್ಲ ಎಂದು ಸ್ವಲ್ಪ ಬೇಸರವಾಯಿತು, ಅಷ್ಟೆ.

ಸದಾನಂದ ನನ್ನ ಹೆಂಡತಿ ವನಜಳ ತಮ್ಮ. ಕಾಮೋಠೆಯಲ್ಲಿ ತಾಯಿಯ ಜೊತೆ ಇದ್ದಾನೆ, ಒಂದು ಕಂಪನಿಯಲ್ಲಿ ಎಂಜಿನಿಯರ್. ರಜೆ ಬಂದರೆ ಬೇರೆಯವರು ಮಧ್ಯಾಹ್ನ ಊಟ ಮಾಡಿ ಮಲಗುತ್ತಾರೆ, ಇವನು ವಿಮಾನ ಕಟ್ಟುತ್ತಾನೆ. ಆಟಿಕೆಯಲ್ಲ ಸ್ವಾಮೀ, ಇಬ್ಬರು ಕೂರುವ ನಿಜವಾದ ವಿಮಾನ! ಡೊಂಬಿವಲಿಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಗಾಲಾ, ಅಂದರೆ ಕಾರ್ಖಾನೆಯ ಶೆಡ್ಡು, ಬಾಡಿಗೆಗೆ ಹಿಡಿದು, ಅದರೊಳಗೆ ವರ್ಷಗಟ್ಟಲೆ ಕೂತು ತಗಡು ಕತ್ತರಿಸಿ, ರಿವೆಟ್ ಹೊಡೆದು, ಅದಕ್ಕೊಂದು ಆಕಾರ ತಂದಿದ್ದ. ಮೊದಮೊದಲು ನಾವೆಲ್ಲ ನಗುತ್ತಿದ್ದೆವು. ಎಂಜಿನ್ ಬಂದು ಕೂತ ಮೇಲೆ ನಗು ನಿಂತಿತು.

"ಭಾವ, ಎರಡು ಇಗ್ನಿಷನ್‌ಗೆ ಎರಡು ಸ್ವಿಚ್, ಫ್ಯೂಯೆಲ್ ಪಂಪಿಗೆ ಒಂದು. ಆ ಮೂರನ್ನೂ ನೀವು ನೋಡಿಕೊಳ್ಳಿ," ಎಂದ. "ಮನೆಯಲ್ಲಿ ಸ್ವಿಚ್ ಕೈಕೊಟ್ಟರೆ ಕತ್ತಲೆ ಆಗ್ತದೆ. ಮೇಲೆ ಕೈಕೊಟ್ಟರೆ..."

ಅವನು ಮಾತು ಮುಗಿಸಲಿಲ್ಲ. ವನಜ ಮುಗಿಸಿದಳು. "ಮೇಲೆ ಕೈಕೊಟ್ಟರೆ ನನ್ನ ತಮ್ಮ ಕೆಳಗೆ! ನೋಡಿ ಮಾರಾಯ್ರೆ, ನಿಮ್ಮ ಆ ಒಂದಕ್ಕೊಂದು ಫ್ರೀ ಸ್ಕೀಮಿನ ಮಾಲು ಅಂಟಿಸಬೇಡಿ."

"ಎಂಥ ಮಾತು ಮಾರಾಯ್ತಿ!" ಎಂದು ನಾನು ಎದೆಯ ಮೇಲೆ ಕೈಯಿಟ್ಟೆ.

ಸದಾನಂದ ಆಗ ಇನ್ನೊಂದು ಮಾತು ಹೇಳಿದ. "ಎಂಜಿನ್ ಟ್ರಯಲ್ ಸರಿಯಾದರೆ, ಪರ್ಮಿಷನ್ ಎಲ್ಲ ಸಿಕ್ಕಿದ ಮೇಲೆ ಪಕ್ಕದ ಸೀಟಿನಲ್ಲಿ ಮೊದಲ ಸವಾರಿ ನಿಮಗೇ ಭಾವ."

ನನಗೆ ಆಸೆಯಾಯಿತು. ಮುಚ್ಚುಮರೆ ಏಕೆ, ತುಂಬಾ ಆಸೆಯಾಯಿತು! ಮಾಲು ತರಲು ಹೊರಟಾಗಲೆಲ್ಲ ಲೋಕಲ್ ಟ್ರೈನಿನಲ್ಲಿ ಒಂಟಿ ಕಾಲಲ್ಲಿ ನಿಂತು, ಯಾರದೋ ಬೆನ್ನಿಗೆ ಮೂಗು ಒತ್ತಿಕೊಂಡು ಹೋಗುವ ಮನುಷ್ಯ ನಾನು. ಕೂತುಕೊಂಡು ಹೋಗುವುದು, ಅದೂ ಕಿಟಕಿಯ ಪಕ್ಕ, ಅದೂ ಆಕಾಶದಲ್ಲಿ! ಆ ಸಂಜೆಯೇ ಸೊಸೈಟಿಯ ವಾಚ್‌ಮನ್‌ನಿಂದ ಹಿಡಿದು ಸೆಕ್ರೆಟರಿಯವರೆಗೆ ಎಲ್ಲರಿಗೂ ಸುದ್ದಿ ಮುಟ್ಟಿಸಿದೆ. ನಮ್ಮ ಬಿಲ್ಡಿಂಗಿನ ಮೇಲೆ ಒಂದು ಸುತ್ತು ಹಾಕಿಸುತ್ತೇನೆಂದೂ, ಟೆರೇಸಿನ ಮೇಲೆ ಬಟ್ಟೆ ಒಣಗಿಸಬಾರದೆಂದೂ ಸೂಚನೆ ಕೊಟ್ಟೆ.

ಮರುದಿನ ನಾನು ಅಂಗಡಿಯಲ್ಲಿದ್ದ ಅತ್ಯುತ್ತಮ ಸ್ವಿಚ್ಚುಗಳನ್ನು ಒರೆಸಿ, ಒಂದು ಸ್ವೀಟ್ ಬಾಕ್ಸಿನಲ್ಲಿಟ್ಟು ಗಾಲಾಕ್ಕೆ ಒಯ್ದೆ. ಬಿಳಿ ಬಣ್ಣ, ನುಣುಪು ಮೈ, ಕತ್ತಲಲ್ಲಿ ಕಾಣಲು ಸಣ್ಣ ಕೆಂಪು ದೀಪ. ಸದಾನಂದ ಒಂದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದ.

"ಭಾವ, ಇದು ಬೆಡ್‌ರೂಮಿನ ಸ್ವಿಚ್."

"ಬೆಡ್‌ರೂಮಿಗೆ ಆಗುವುದು ವಿಮಾನಕ್ಕೆ ಯಾಕೆ ಆಗುವುದಿಲ್ಲ? ಅಲ್ಲಿಯೂ ಇಬ್ಬರೇ ತಾನೆ!"

ಅವನು ನಗಲಿಲ್ಲ. ಮನೆಯ ಕರೆಂಟು ಎಸಿ, ಅದು ಕ್ಷಣಕ್ಷಣಕ್ಕೂ ತಾನಾಗಿ ಸೊನ್ನೆಗೆ ಇಳಿಯುವುದರಿಂದ ಸ್ವಿಚ್ಚಿನೊಳಗಿನ ಕಿಡಿ ಬೇಗ ಸಾಯುತ್ತದೆ. ಬ್ಯಾಟರಿಯ ಕರೆಂಟು ಡಿಸಿ, ಅದರ ಕಿಡಿ ಹಠಮಾರಿ, ಒಳಗಿನ ತುದಿಗಳನ್ನು ಸುಟ್ಟು ಅಂಟಿಸಿಬಿಡುತ್ತದೆ ಎಂದು ವಿವರಿಸಿದ. ಪಂಪು ಶುರುವಾಗುವಾಗ ಒಂದೇ ಸಲಕ್ಕೆ ಜಾಸ್ತಿ ಕರೆಂಟು ಎಳೆಯುತ್ತದೆ ಎಂದ. ಎಂಜಿನ್ನಿನ ನಡುಕಕ್ಕೆ ಒಳಗಿನ ಸ್ಪ್ರಿಂಗು ಸಡಿಲವಾಗಬಾರದು, ವೈರು ಸ್ಕ್ರೂ ಹಾಕಿ ಬಿಗಿಯುವಂತಿರಬೇಕು, ಸಣ್ಣ ಕಡ್ಡಿಯನ್ನು ಮೇಲೆ ಕೆಳಗೆ ಮಾಡುವ, ಕಬ್ಬಿಣದಂಥ ಟಾಗಲ್ ಸ್ವಿಚ್ ಬೇಕು ಎಂದ. ನಾನು ಎಲ್ಲಕ್ಕೂ "ಗೊತ್ತುಂಟು, ಗೊತ್ತುಂಟು" ಎಂದೆ. ಎಸಿ ಎಂದಾಗ ನನ್ನ ತಲೆಯಲ್ಲಿ ಬಂದದ್ದು ಗೋಡೆಯ ಮೇಲಿನ ಎಸಿ ಎಂಬುದನ್ನು ಅವನಿಗೆ ಹೇಳಲಿಲ್ಲ.

ಸರಿ, ಮುಂಬಯಿಯ ಮಾರ್ಕೆಟಿಗೆ ಹೋಗಿ ಬಗೆಬಗೆಯ ಟಾಗಲ್ ಸ್ವಿಚ್ಚುಗಳನ್ನು ತಂದೆ. ಈಗ ಪರೀಕ್ಷೆ ಆಗಬೇಕು. ನಡುಗಿಸಿ ನೋಡಬೇಕು. ಕಲ್ಯಾಣದ ಲೋಕಲ್ ಟ್ರೈನಿಗಿಂತ ಒಳ್ಳೆಯ ನಡುಕ ಎಲ್ಲಿ ಸಿಗುತ್ತದೆ ಎಂದು ನನ್ನ ಯೋಚನೆ.

"ಹೋಗಿ, ಹೋಗಿ," ಎಂದಳು ವನಜ. "ಬ್ಯಾಟರಿ, ವೈರು, ಮಿಣುಕುವ ಬಲ್ಬು ಹಿಡ್ಕೊಂಡು ಟ್ರೈನ್ ಹತ್ತಿ. ಊಟ ಪೊಲೀಸ್ ಸ್ಟೇಷನ್ನಿಗೇ ತಂದುಕೊಡ್ತೇನೆ."

ಹಾಗಾಗಿ ಪ್ರಯೋಗಶಾಲೆಯನ್ನು ನಮ್ಮ ಅಡಿಗೆಮನೆಗೆ ಸ್ಥಳಾಂತರಿಸಲಾಯಿತು. ವನಜ ಇಡ್ಲಿಗೆ ಉದ್ದು ರುಬ್ಬಲು ಗ್ರೈಂಡರ್ ಹಾಕಿ ಫೋನಿನಲ್ಲಿ ಮಾತಿಗೆ ಕೂತ ಸಮಯ ನೋಡಿ, ಅದರ ಮೈಗೆ ಟೇಪಿನಿಂದ ಸ್ವಿಚ್ ಅಂಟಿಸಿದೆ. ಬ್ಯಾಟರಿಗೂ ಬಲ್ಬಿಗೂ ವೈರು ಎಳೆದೆ. ಬಲ್ಬು ಮಿಣುಕಿದರೆ ಸ್ವಿಚ್ ನಪಾಸು, ಬಲ್ಬು ಸ್ಥಿರವಾಗಿ ಉರಿದರೆ ಪಾಸು. ನನ್ನ ಬುದ್ಧಿಗೆ ನಾನೇ ತಲೆದೂಗಿದೆ! ಮೊದಲನೆಯದು ಮಿಣುಕಿತು. ಎರಡನೆಯದೂ ಮಿಣುಕಿತು. ಮೂರನೆಯದು ಮಿಣುಕಲಿಲ್ಲ, ಯಾಕೆಂದರೆ ಅದು ಟೇಪು ಬಿಟ್ಟು ಹಾರಿ ನೇರ ಹಿಟ್ಟಿನೊಳಗೆ ಬಿದ್ದಿತ್ತು. ಕಲ್ಲಿನ ಕೆಳಗೆ ಕಟಕಟ ಸದ್ದು ಬಂತು. ಅವಸರವಾಗಿ ಸ್ವಿಚ್ಚನ್ನು ಎತ್ತಿ ತೊಳೆದು, ಹಿಟ್ಟನ್ನು ಸೌಟಿನಿಂದ ಸಮ ಮಾಡಿ, ಏನೂ ಆಗದವನ ಹಾಗೆ ಪೇಪರ್ ಓದಲು ಕೂತೆ.

ಮರುದಿನ ಬೆಳಿಗ್ಗೆ ವನಜಳ ಇಡ್ಲಿಯಲ್ಲಿ ನಟ್ ಸಿಕ್ಕಿತು.

ಅದನ್ನು ಅವಳು ತಟ್ಟೆಯ ಅಂಚಿನಲ್ಲಿ ಮೆಲ್ಲಗೆ ಇಟ್ಟಳು. "ಇದು ಉದ್ದಿನದ್ದೋ, ವಿಮಾನದ್ದೋ?" ಎಂದಳು. ನಾನು ಚಟ್ನಿ ಬಹಳ ಚೆನ್ನಾಗಿದೆ ಎಂದೆ. ಆ ದಿನದಿಂದ ನನಗೆ ಅಡಿಗೆಮನೆಗೆ ಪ್ರವೇಶ ನಿಷೇಧಿಸಲಾಯಿತು. ಉಳಿದ ಪರೀಕ್ಷೆಗಳು ವಾಷಿಂಗ್ ಮೆಶಿನ್ನಿನ ಮೇಲೆ, ಅವಳ ಕಣ್ಗಾವಲಿನಲ್ಲಿ ನಡೆದವು. ಹಾಗೆ ಸೋಸಿ ಸೋಸಿ ಕೊನೆಗೆ ಒಂದು ಜಾತಿಯ ಸ್ವಿಚ್ ಸಿಕ್ಕಿತು ನೋಡಿ, ಎಷ್ಟು ನಡುಗಿಸಿದರೂ ಬಲ್ಬು ಕಣ್ಣು ಮಿಟುಕಿಸಲಿಲ್ಲ! ಸದಾನಂದನೂ ತನ್ನ ಮೀಟರ್ ಹಿಡಿದು ನೋಡಿ ಒಪ್ಪಿದ. "ವಾ ಭಾವ!" ಎಂದ. ನಾನು ಎರಡು ದಿನ ಯಾರ ಜೊತೆಯೂ ಕೆಳಗೆ ನೋಡಿ ಮಾತಾಡಲಿಲ್ಲ.

ಆ ಹುಮ್ಮಸ್ಸಿನಲ್ಲಿ ಪ್ಯಾನೆಲ್ಲಿಗೆ ನಾನೇ ಕೂರಿಸುತ್ತೇನೆ ಎಂದು ಹಠ ಹಿಡಿದು ಮೂರನ್ನೂ ಕೂರಿಸಿದೆ. ಸದಾನಂದ ಬಂದು ನೋಡಿ ತಲೆ ಕೆರೆದುಕೊಂಡ.

"ಭಾವ, ಎಲ್ಲ ಉಲ್ಟಾ. ಕೆಳಗೆ ಮಾಡಿದರೆ ಆನ್ ಆಗ್ತಾ ಉಂಟು."

"ಮತ್ತೆ? ಕೆಳಗೆ ಮಾಡಿದರೇ ಆನ್ ಆಗಬೇಕಲ್ವಾ?"

"ವಿಮಾನದಲ್ಲಿ ಮೇಲೆ ಆನ್, ಕೆಳಗೆ ಆಫ್."

ನನಗೆ ಸಿಟ್ಟು ಬಂತು. ಕೆಳಗೆ ಒತ್ತಿದರೆ ಆನ್, ಮೇಲೆ ಒತ್ತಿದರೆ ಆಫ್. ಇದು ನಮ್ಮ ದೇಶದ ಗೋಡೆಗೋಡೆಗೂ ಗೊತ್ತಿರುವ ಸತ್ಯ. ನನ್ನ ಇಡೀ ಆಯುಷ್ಯ, ನನ್ನ ಅಂಗಡಿ, ನನ್ನ ಮರ್ಯಾದೆ ಎಲ್ಲ ನಿಂತಿರುವುದು ಅದರ ಮೇಲೆ. ಆದರೆ ವಿಮಾನ ಅವನದು. ಗೊಣಗುತ್ತಾ ಮೂರನ್ನೂ ಬಿಚ್ಚಿ ತಿರುಗಿಸಿ ಕೂರಿಸಿದೆ. ಕೈ ತಿರುಗಿಸಿ ಕೂರಿಸಿತೇ ಹೊರತು ಬುದ್ಧಿ ಎಲ್ಲಿತ್ತೋ ಅಲ್ಲೇ ಇತ್ತು.

ಎಂಜಿನ್ ಟ್ರಯಲ್ಲಿನ ದಿನ ಬಂತು. ನೆರೂಳದಿಂದ ದೇಶಪಾಂಡೆ ಸರ್ ಬಂದರು. ವಿಮಾನಗಳ ಹೊಟ್ಟೆಯೊಳಗೇ ತಲೆ ನೆರೆಸಿಕೊಂಡ ನಿವೃತ್ತ ಎಂಜಿನಿಯರ್. ಅವರು ನೋಡಿ ಹೂಂ ಎಂದರೆ ಮಾತ್ರ ಸದಾನಂದ ಮುಂದಿನ ಹೆಜ್ಜೆ ಇಡುವುದು ಎಂದಿತ್ತು. ಊಹೂಂ ಎಂದರೆ ಇಷ್ಟು ವರ್ಷದ ಕೆಲಸ ಮತ್ತೆ ಗಾಲಾದೊಳಗೆ. ಬೆಳಿಗ್ಗೆಯಿಂದ ಸದಾನಂದ ಬಿಗಿದ ನಟ್ಟುಗಳನ್ನೇ ಮತ್ತೆ ಮತ್ತೆ ಬಿಗಿಯುತ್ತಿದ್ದ.

ರೆಕ್ಕೆ ಇನ್ನೂ ಜೋಡಿಸದ ವಿಮಾನವನ್ನು ಅಂಗಳಕ್ಕೆ ತಳ್ಳಿ, ಚಕ್ರಗಳಿಗೆ ಮರದ ತುಂಡು ಕೊಟ್ಟು, ಬಾಲಕ್ಕೆ ಹಗ್ಗ ಹಾಕಿ ಕಂಬಕ್ಕೆ ಬಿಗಿದೆವು. ನನ್ನ ಅತ್ತೆ, ಅಂದರೆ ಸದಾನಂದನ ತಾಯಿ, ಪ್ರೊಪೆಲ್ಲರಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಆರತಿ ಎತ್ತಿದರು. ದೇಶಪಾಂಡೆ ಸರ್ ಆರತಿಯ ದೀಪ ದೂರ ಹೋಗುವ ತನಕ ಪೆಟ್ರೋಲಿಗೆ ಅಡ್ಡ ನಿಂತಿದ್ದರು. ಸದಾನಂದ ಎಡಗಡೆಯ ಸೀಟಿನಲ್ಲಿ, ನಾನು ಬಲಗಡೆಯಲ್ಲಿ. ಸ್ವಿಚ್ ನನ್ನದಲ್ಲವೆ, ಪಕ್ಕದಲ್ಲಿ ಕೂರುವ ಹಕ್ಕೂ ನನ್ನದೇ ಎಂದು ವಾದಿಸಿ ಗೆದ್ದಿದ್ದೆ. ಅವನ ಕಿವಿಗೆ ದೊಡ್ಡ ಹೆಡ್‌ಫೋನ್, ನನ್ನ ಕಿವಿಗೆ ಹತ್ತಿ.

ಮೂರೂ ಸ್ವಿಚ್ ಮೇಲೆ. ಸ್ಟಾರ್ಟರ್ ಒತ್ತಿದ. ಎಂಜಿನ್ ಒಮ್ಮೆ ಕೆಮ್ಮಿ, ಹತ್ತಿಕೊಂಡು, ಗುರ್ ಎಂದು ಹದವಾಗಿ ತಿರುಗತೊಡಗಿತು! ಸದಾನಂದನ ಕಣ್ಣಲ್ಲಿ ನೀರು. ನನ್ನ ಕಣ್ಣಲ್ಲೂ ನೀರು. ಹೊರಗೆ ದೇಶಪಾಂಡೆ ಸರ್ ಎಂಜಿನ್ನಿನ ಕಡೆ ಏನೋ ತೋರಿಸಿದ್ದಕ್ಕೆ ಸದಾನಂದ ಎಡಕ್ಕೆ ಬಾಗಿ, ತಲೆ ಹೊರಗೆ ಹಾಕಿ ನೋಡತೊಡಗಿದ.

ಆಗಲೇ ಬಲಗಡೆ ದೂರದಲ್ಲಿ ನಿಂತಿದ್ದ ಅತ್ತೆ ಕೈ ಬೀಸಿ ಕೂಗಿದರು. ಅತ್ತೆಯ ಧ್ವನಿಗೆ ಎಂಜಿನ್ ಒಂದು ಲೆಕ್ಕವೇ ಅಲ್ಲ.

"ದೊಡ್ಡದು ಮಾಡಿ! ಅಳಿಯಂದಿರೇ, ದೊಡ್ಡದು ಮಾಡಿ!"

ಈ ವಯಸ್ಸಿನಲ್ಲಿ ಎಂಥ ಧೈರ್ಯ! ಎಂಥ ಉತ್ಸಾಹ! ನನ್ನ ಮೈ ಜುಮ್ಮೆಂದಿತು. ಎಂಜಿನ್ನಿನ ವೇಗ ಏರಿಸಿ ಇಳಿಸುವ, ನಡುವೆ ಇದ್ದ ಥ್ರಾಟಲ್ಲಿನ ಹಿಡಿ ನನ್ನ ಕೈಗೆ ಸಿಗುವಂತೆಯೇ ಇತ್ತು. ಹಿರಿಯರ ಮಾತು ಮೀರುವುದುಂಟೆ? ಮುಂದಕ್ಕೆ ಒತ್ತಿದೆ.

ದೊಡ್ಡದೇ ಆಯಿತು.

ವಿಮಾನ ಹಗ್ಗವನ್ನು ಜಗ್ಗಿ ನಡುಗಿತು. ಹಿಂದೆ ಎದ್ದ ಗಾಳಿಯನ್ನು ನಾನು ನೋಡಲಿಲ್ಲ, ಅದರ ಫಲ ಮಾತ್ರ ನೋಡಿದೆ. ನಮ್ಮ ಹಿಂದಿನ ಗಾಲಾ ಸುನಂದಾತಾಯಿಯದು. ಅವರದು ಹಪ್ಪಳದ ಉದ್ಯೋಗ. ಹತ್ತಾರು ಮಂಚಗಳ ಮೇಲೆ ಒಣಗಲು ಹರಡಿದ್ದ ಹಪ್ಪಳಗಳು ಒಟ್ಟಿಗೇ ಎದ್ದು, ಕಾಂಪೌಂಡ್ ದಾಟಿ, ಶೆಡ್ಡುಗಳ ಮೇಲೆ ಹಾರಿದವು. ನಮ್ಮ ವಿಮಾನಕ್ಕಿಂತ ಮೊದಲು ಹಪ್ಪಳ ಆಕಾಶ ಕಂಡಿತು!

"ಅತ್ತೆ, ಇನ್ನೂ ದೊಡ್ಡದಾ?" ಎಂದು ನಾನು ಕೂಗಿದೆ.

"ಆಫ್! ಭಾವ, ಆಫ್!" ಎಂದು ಸದಾನಂದ ಕಿರುಚಿದ. ಎಡಕ್ಕೆ ಬಾಗಿದ್ದವನ ಹೆಡ್‌ಫೋನಿನ ವೈರು ಎಲ್ಲೋ ಸಿಕ್ಕಿಕೊಂಡು ಅವನಿಗೆ ಈಚೆ ತಿರುಗಲು ಆಗುತ್ತಿರಲಿಲ್ಲ.

ನಾನು ಎರಡೂ ಕೈಯಿಂದ ಸ್ವಿಚ್ಚುಗಳ ಮೇಲೆ ಬಿದ್ದೆ. ಆಫ್ ಎಂದರೆ ಮೇಲೆ ತಾನೆ? ಮೇಲೆ ಒತ್ತಿದೆ. ಅವು ಆಗಲೇ ಮೇಲೆ ಇದ್ದವು. ಇನ್ನೂ ಜೋರಾಗಿ ಒತ್ತಿದೆ. ಹೆಬ್ಬೆರಳು ನೊಂದಿತು, ಎಂಜಿನ್ ನಿಲ್ಲಲಿಲ್ಲ. "ಕೆಟ್ಟು ಹೋಯಿತು ಸದಾನಂದಾ, ಸ್ವಿಚ್ ಕೆಟ್ಟು ಹೋಯಿತು!" ಎಂದು ಬೊಬ್ಬೆ ಹೊಡೆದೆ. ಅಷ್ಟರಲ್ಲಿ ಅವನು ಹೆಡ್‌ಫೋನ್ ಕಿತ್ತೆಸೆದು, ಥ್ರಾಟಲ್ ಹಿಂದಕ್ಕೆಳೆದು, ಒಂದೇ ಬೆರಳಿನಿಂದ ಸ್ವಿಚ್ಚುಗಳನ್ನು ಟಕ್ ಟಕ್ ಎಂದು ಕೆಳಗೆ ಮಾಡಿದ. ಎಂಜಿನ್ ನಿಂತಿತು. ಮೇಲಿನಿಂದ ಒಂದು ಹಪ್ಪಳ ನಿಧಾನವಾಗಿ ಬಂದು ನನ್ನ ಮಡಿಲಲ್ಲಿ ಕೂತಿತು.

ಕೆಳಗಿಳಿದು ನಾನು ಮೊದಲು ಹೋದದ್ದು ಅತ್ತೆಯ ಹತ್ತಿರ. "ನೀವೇ ಅಲ್ವಾ ದೊಡ್ಡದು ಮಾಡಿ ಅಂದದ್ದು?"

"ಮತ್ತೆ? ಹಪ್ಪಳ ಅಲ್ಲಾಡ್ಲಿಕ್ಕೆ ಶುರುವಾಯ್ತು, ಅದಕ್ಕೇ ಹೇಳಿದ್ದು."

ವನಜ ಹಣೆ ಚಚ್ಚಿಕೊಂಡಳು. "ಮಾರಾಯ್ರೆ! ಅಮ್ಮ ಯಾವತ್ತಾದರೂ ದೀಪ ಆರಿಸು ಅಂದದ್ದುಂಟಾ? ಅದು ಅಪಶಕುನ ಅಂತ ದೀಪ ದೊಡ್ಡದು ಮಾಡು ಅಂತಲೇ ಹೇಳುವುದಲ್ವಾ? ಪೂಜೆ ಮಾಡಿದ ಎಂಜಿನ್ನಿಗೆ ಮತ್ತೆಂಥ ಹೇಳ್ತಾರೆ?"

ಹೌದು. ನಮ್ಮಲ್ಲೆಲ್ಲ ಹಾಗೇ ಹೇಳುವುದು. ನಮ್ಮ ಮನೆಗೆ ಬಂದಾಗಲೆಲ್ಲ ಅತ್ತೆ ಟ್ಯೂಬ್‌ಲೈಟನ್ನು ಸಹ "ದೊಡ್ಡದು ಮಾಡಿ" ಎನ್ನುತ್ತಾರೆ, ನಾನು ಎದ್ದು ಹೋಗಿ ಆರಿಸುತ್ತೇನೆ. ಮದುವೆಯಾದಾಗಿನಿಂದ ಒಮ್ಮೆಯೂ ತಪ್ಪಿರಲಿಲ್ಲ. ಥ್ರಾಟಲ್ ಕಣ್ಣೆದುರು ಇರುವಾಗ ಮಾತ್ರ ಕನ್ನಡ ಮರೆತುಹೋಯಿತು.

"ಸ್ವಿಚ್ ಆರಿಸ್ಲಿಕ್ಕೆ ನಿಮಗೆ ಬರ್ತದೆ ಭಾವ," ಎಂದ ಸದಾನಂದ, ಇನ್ನೂ ಏದುಸಿರು ಬಿಡುತ್ತಾ. "ಎಂಜಿನ್ ಆರಿಸ್ಲಿಕ್ಕೆ ಬರುವುದಿಲ್ಲ."

"ಆರಿಸು ಅನ್ನಬೇಡ ಮಗಾ, ಒಳ್ಳೇ ದಿನ!" ಎಂದರು ಅತ್ತೆ.

ಸದಾನಂದ ತೀರ್ಪು ಕೇಳುವವನಂತೆ ದೇಶಪಾಂಡೆ ಸರ್ ಮುಂದೆ ನಿಂತ. ಮುಖ ಬಿಳಿಚಿತ್ತು. ಅದನ್ನು ನೋಡಿ ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಅವರು ಕಾಕ್‌ಪಿಟ್ಟಿನೊಳಗೆ ಬಗ್ಗಿ, ಸ್ವಿಚ್ಚುಗಳನ್ನು ಒಂದೊಂದಾಗಿ ಅಲ್ಲಾಡಿಸಿ, ಹಗ್ಗ ನೋಡಿ, ಎಂಜಿನ್ನಿನ ಸುತ್ತ ಎರಡು ಸುತ್ತು ಬಂದು, ಕೊನೆಗೆ ಗಹಗಹಿಸಿ ನಕ್ಕರು.

"ಏಕದಮ್ ಪಾಸ್!" ಎಂದರು. "ಇಂಜಿನ್ ಫುಲ್ ಪವರ್ ದಿಯಾ, ಕುಛ್ ಲೀಕ್ ನಹೀ. ಔರ್ ಸ್ವಿಚ್ ತೋ ಕಮಾಲ್ ಹೈ! ಆದ್ಮೀ ದೋನೋ ಹಾಥ್ ಸೇ ಲಟಕ್ ಗಯಾ, ಫಿರ್ ಭೀ ನಹೀ ಟೂಟಾ. ಐಸಾ ಟೆಸ್ಟ್ ತೋ ಕಂಪನಿವಾಲೇ ಭೀ ನಹೀ ಕರ್ತೇ." ಎಂಜಿನ್ ಪೂರ್ತಿ ಜೋರು ತೋರಿಸಿತು, ಎಲ್ಲೂ ಸೋರಲಿಲ್ಲ; ಮನುಷ್ಯ ಎರಡೂ ಕೈಯಿಂದ ಜೋತುಬಿದ್ದರೂ ಸ್ವಿಚ್ ಮುರಿಯಲಿಲ್ಲ, ಇಂಥ ಪರೀಕ್ಷೆ ಕಂಪನಿಯವರೂ ಮಾಡುವುದಿಲ್ಲವಂತೆ!

ಸದಾನಂದ ಅವರನ್ನು ತಬ್ಬಿಕೊಂಡ. ವನಜ ನನ್ನನ್ನು ನೋಡಿ ನಕ್ಕಳು. ನನಗೆ ಎಷ್ಟು ಸಂತೋಷವಾಯಿತೆಂದರೆ ಹೆಬ್ಬೆರಳಿನ ನೋವು ಮರೆತೇಹೋಯಿತು. "ನೋಡಿದಿರಾ, ನಾನು ಆರಿಸಿದ್ದು!" ಎಂದು ಎಲ್ಲರಿಗೂ ಹೇಳುತ್ತಾ ತಿರುಗಿದೆ.

"ಲೇಕಿನ್ ಏಕ್ ಶರ್ತ್," ಎಂದರು ದೇಶಪಾಂಡೆ ಸರ್, ನನ್ನ ಭುಜದ ಮೇಲೆ ಪ್ರೀತಿಯಿಂದ ಕೈಯಿಟ್ಟು. "ಯೇ ಸಾಬ್ ಸೀಟ್ ಪೇ ನಹೀ ಬೈಠೇಂಗೇ." ಈ ಸಾಹೇಬರು, ಅಂದರೆ ನಾನು, ಇನ್ನು ಸೀಟಿನಲ್ಲಿ ಕೂರಬಾರದಂತೆ.

ಸದಾನಂದ ನನ್ನನ್ನು ನೋಡಿದ. ನಾನು ಪ್ರೊಪೆಲ್ಲರ್ ನೋಡಿದೆ. ಯಾರೂ ಶರತ್ತಿಗೆ ವಿರೋಧ ವ್ಯಕ್ತಪಡಿಸಲಿಲ್ಲ.

ಹಾಗಾಗಿ ಮೊದಲ ಸವಾರಿ ಈಗ ಅತ್ತೆಯದು. ಹಪ್ಪಳ ಅಲ್ಲಾಡಿದ್ದನ್ನು ನೋಡಿದವರು, ಸಮಯಕ್ಕೆ ಸರಿಯಾಗಿ ನಿಲ್ಲಿಸಲು ಹೇಳಿದವರು ಅವರೊಬ್ಬರೇ ಎಂದು ಸದಾನಂದನ ವಾದ. ಅತ್ತೆ ಈಗಾಗಲೇ ಯಾವ ಸೀರೆ ಗಾಳಿಗೆ ಹಾರುವುದಿಲ್ಲ ಎಂದು ವನಜಳ ಜೊತೆ ಚರ್ಚೆ ಶುರು ಮಾಡಿದ್ದಾರೆ. ಸೊಸೈಟಿಯವರು ಸಿಕ್ಕಿದಾಗಲೆಲ್ಲ "ಕಬ್ ಉಡ್ ರಹೇ ಹೋ ಅಣ್ಣಾ?" ಎಂದು ನಾನು ಹಾರುವ ದಿನ ಕೇಳುತ್ತಾರೆ. ಟೆರೇಸಿನಲ್ಲಿ ಬಟ್ಟೆ ಒಣಗಿಸಲು ಮತ್ತೆ ಅನುಮತಿ ಕೊಟ್ಟಿದ್ದೇನೆ.

ನನ್ನನ್ನೂ ಕೈಬಿಟ್ಟಿಲ್ಲ ಎನ್ನಿ. ಆ ದಿನ ಏಣಿ ಹಾಕಿ ಶೆಡ್ಡು ಶೆಡ್ಡು ಹತ್ತಿ ಹಪ್ಪಳ ಆರಿಸಿ ತಂದವನು ನಾನೇ. ಸುನಂದಾತಾಯಿ ಕೆಳಗೆ ನಿಂತು "ತೋ ತಿಕಡೇ! ತೋ ತಿಕಡೇ!" ಎಂದು ಮರಾಠಿಯಲ್ಲಿ ಅಗೋ ಅಲ್ಲೊಂದು, ಅಗೋ ಅಲ್ಲೊಂದು ಎಂದು ಬೆರಳು ತೋರಿಸುತ್ತಿದ್ದರು. ಕೆಲಸ ಮುಗಿದ ಮೇಲೆ, ಒಡೆದದ್ದು ಬೇರೆ, ಇಡಿಯಾಗಿದ್ದದ್ದು ಬೇರೆ ಮಾಡಿಟ್ಟದ್ದನ್ನು ನೋಡಿ ಅವರು ನನ್ನ ಕೈಯನ್ನು ಮೆಚ್ಚಿದರು. ಕೆಲಸಕ್ಕೆ ಬರುತ್ತೀರಾ ಎಂದು ಕೇಳಿದರು.