ಹರಕೆಯ ಟೆಂಡರು

ಶಂಕ್ರಪ್ಪ: ನಿನ್ನ ಚಹಾಕ್ಕಿಂತ ನನ್ನ ಖಾರ ದೊಡ್ಡದು! ಬ್ಯಾಡಗಿಯೊಳಗ ಮೆಣಸಿನಕಾಯಿ ದಲಾಲಿ ಮಾಡೋ ಮನಷ್ಯಾ ಹನ್ನೊಂದು ದಿನದಿಂದ ಖಾರ ಮುಟ್ಟಿಲ್ಲಂದ್ರ ಅದನ್ನ ಏನಂತ ತಿಳದೀ?

ನಾಗಲಕ್ಷ್ಮಿ: ಬ್ಯಾಡಗಿ ಕಾಯೊಳಗ ಖಾರ ಎಲ್ಲೈತ್ರಿ? ಬರೇ ಬಣ್ಣ. ನೀವು ಬಿಟ್ಟದ್ದು ಬಣ್ಣ!

ಶಂಕ್ರಪ್ಪ: ನೋಡು, ನನಗ ಏನರ ಅನ್ನು, ನನ್ನ ಮಾಲಿಗೆ ಅನಬ್ಯಾಡ.

ನಾಗಲಕ್ಷ್ಮಿ: ನಿಮ್ಮ ಹರಕಿ ದೇವರಿಗೆ ಮುಟ್ಟಿದ್ರ ಹುಡುಗಿ ಹಿಂಗ ಯಾಕ ಅಂತಿದ್ಳು? ನನ್ನ ತಲಿ ಅಂತೂ ಹನ್ನೊಂದು ದಿನದಿಂದ ಒಡದು ಹೋಳಾಗಾಕತ್ತೈತಿ. ನನ್ನ ಹರಕಿ ಮುಟ್ಟಿರಬೇಕು.

ಶಂಕ್ರಪ್ಪ: ಹೆಂಗ ಮುಟ್ಟತೈತಿ? ಮೊನ್ನೆ ಪಾತ್ರಿ ಮ್ಯಾಲ ಬಗ್ಗಿ ಚಹಾದ ವಾಸನಿ ತಗೊಳ್ಳಾಕತ್ತಿದ್ದಿ. ನಾ ನೋಡೇನಿ.

ನಾಗಲಕ್ಷ್ಮಿ: ವಾಸನಿ ತಗೊಂಡ್ರ ಕುಡದಂಗೇನು? ಹಂಗಾದ್ರ ನೀವು ದಿನಾ ಚೀಲದಾಗ ಮುಖಾ ಇಟ್ಟು ಸೀನತೀರಿ. ಅದು ಊಟಾ ಮಾಡಿದಂಗಾತು!

ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಹರಾಜಿನ ಟೆಂಡರ್ ಇಲ್ಲದ ಶುಕ್ರವಾರದ ಮುಂಜಾನೆ, ಶಂಕ್ರಪ್ಪನವರ ಅಡುಗೆಮನೆಯಲ್ಲಿ ಗಂಡ-ಹೆಂಡಿರ ನಡುವೆ ನಡೆದ ಮಾತು ಇದು. ಇವರ ಒಬ್ಬಳೇ ಮಗಳು ಸ್ನೇಹಾ ದ್ವಿತೀಯ ಪಿಯುಸಿಯ ಮೊದಲ ಪರೀಕ್ಷೆಯಲ್ಲಿ, ರಸಾಯನಶಾಸ್ತ್ರವೊಂದರಲ್ಲಿ, ನಾಲ್ಕು ಅಂಕ ಸಾಲದೆ ಅನುತ್ತೀರ್ಣಳಾಗಿದ್ದಳು. ಮನೆಯಲ್ಲಿ ಯಾರೂ ಆಕೆಯನ್ನು ಬೈಯಲಿಲ್ಲ, ಅಷ್ಟು ಸಜ್ಜನರು. ಮಗುವಿನ ಮನಸ್ಸಿನ ಭಾರ ಇಳಿಯಲೆಂಬ ಒಂದೇ ಪ್ರೀತಿಯಿಂದ ಮೂವರೂ ದೇವರಗುಡ್ಡದ ಮೈಲಾರಲಿಂಗನಿಗೆ ಹರಕೆ ಹೊತ್ತರು. ಸ್ನೇಹಾ ಪಾಸಾಗುವವರೆಗೆ ತಂದೆ ಖಾರ ಮುಟ್ಟತಕ್ಕದ್ದಲ್ಲ, ತಾಯಿ ಚಹಾ ಕುಡಿಯತಕ್ಕದ್ದಲ್ಲ, ಅಜ್ಜಿ ಉಚ್ಚಂಗೆವ್ವ ಐವತ್ತು ವರ್ಷದ ಎಲೆ-ಅಡಿಕೆಯನ್ನು ಬಾಯಿಗೆ ಹಾಕತಕ್ಕದ್ದಲ್ಲ. ಎರಡನೆಯ ಪರೀಕ್ಷೆಗೆ ಆರೇ ದಿನ ಉಳಿದಿವೆ ಎನ್ನುವಾಗ, ಈ ಮುಂಜಾನೆ ಹುಡುಗಿ ಅರ್ಧ ರೊಟ್ಟಿಗೆ ಎದ್ದು, “ನಾ ಪರೀಕ್ಷಾ ಬರಿಯಂಗಿಲ್ಲ” ಎಂದು ಹೇಳಿ ಮಹಡಿ ಹತ್ತಿ ಬಾಗಿಲು ಹಾಕಿಕೊಂಡಿದ್ದಳು.

ಗದ್ದಲ ಕೇಳಿ ಉಚ್ಚಂಗೆವ್ವ ಒಳಗೆ ಬಂದರು.

ಉಚ್ಚಂಗೆವ್ವ: ಏನದು ಒದರಾಟ? ಎಲಿ ಇಲ್ಲದ ಬಾಯಿ ನಂದು. ಸಿಟ್ಟು ಬಂತಂದ್ರ ತಡಿಯಾಕ ಏನೂ ಇಲ್ಲ, ಹೇಳೇನಿ.

ನಾಗಲಕ್ಷ್ಮಿ: ಎಲಿ ಇದ್ದಾಗ ಎಲ್ಲಿ ತಡೀತಿತ್ರಿ, ಅತ್ತೀ?

ಉಚ್ಚಂಗೆವ್ವ: ಆಗ ಉಗುಳಾಕಂತ ಎದ್ದು ಹಿತ್ತಲಕ್ಕ ಹೋಗತಿದ್ನಿ. ತಿರುಗಿ ಬರೂದರಾಗ ಅರ್ಧಾ ಸಿಟ್ಟು ಇಳೀತಿತ್ತು. ಈಗ ಕುಂತಲ್ಲೇ ಪೂರಾ ಬರತೈತಿ.

ಶಂಕ್ರಪ್ಪ: ಅವ್ವಾ, ನನ್ನ ಸಂಕಟ ಕೇಳು. ನಿನ್ನೆ ಹೊರಗಿನ ಖರೀದಿದಾರ ಒಬ್ಬಾವ ಅಂಗಡಿಗೆ ಬಂದ. “ಒಂದು ಕಾಯಿ ಮುರದು ಬಾಯಿಗೆ ಹಾಕ್ರಿ” ಅಂದ. “ಹರಕಿ ಐತ್ರಿ, ಮುಟ್ಟಂಗಿಲ್ಲ” ಅಂದೆ. “ದಲಾಲರೇ ತಮ್ಮ ಮಾಲು ತಿನ್ನಂಗಿಲ್ಲಂದ್ರ ಒಳಗ ಏನೋ ಐತಿ” ಅಂತ ಮುಂದಿನ ಅಂಗಡಿಗೆ ಹ್ವಾದ!

ಉಚ್ಚಂಗೆವ್ವ: ಅದಿರಲಿ. ಹುಡುಗಿ ಮನಸು ಕೆಟ್ಟೈತಿ ಅಂದ್ರ ನಮ್ಮ ಹರಕಿ ಸಣ್ಣದಾಗೇತಿ. ಏರಿಸಬೇಕು. ಇವತ್ತಿನಿಂದ ನಾ ಒಂದೊಪ್ಪತ್ತು.

ಶಂಕ್ರಪ್ಪ: ಹಂಗಾದ್ರ ನಾ ಚಪ್ಪಲಿ ಬಿಡ್ತೇನಿ.

ನಾಗಲಕ್ಷ್ಮಿ: ಈ ಬಿಸಲಾಗ? ನಾ ಉಪ್ಪು ಬಿಡ್ತೇನಿ.

ಶಂಕ್ರಪ್ಪ: ಬರಿಗಾಲಿಲೆ ದೇವರಗುಡ್ಡಕ್ಕ ನಡಕೋತ ಹೋಗ್ತೇನಿ!

ನಾಗಲಕ್ಷ್ಮಿ: ಬಸ್‌ಸ್ಟ್ಯಾಂಡಿಗೆ ಸೈತ ಗಾಡಿ ಮ್ಯಾಲ ಹೋಗೋರು ನೀವು!

ಉಚ್ಚಂಗೆವ್ವ: ಹೋಗಲಿ ಬಿಡು, ಒಪ್ಪತ್ತಿನ ಊಟಾನೂ ಬ್ಯಾಡ, ಬರೇ ಹಾಲು.

ಭಕ್ತಿ ಏರುತ್ತ ಏರುತ್ತ ಎಲ್ಲಿ ನಿಲ್ಲುತ್ತಿತ್ತೋ ಆ ಮೈಲಾರಲಿಂಗನೇ ಬಲ್ಲ. ಅಷ್ಟರಲ್ಲಿ ಮಗಳ ತಟ್ಟೆಯನ್ನು ಎತ್ತಹೋದ ನಾಗಲಕ್ಷ್ಮಿಯವರಿಗೆ, ಅದರ ಪಕ್ಕದಲ್ಲಿ ಆಕೆ ಮರೆತು ಹೋದ ನೋಟ್‌ಬುಕ್ಕು ಸಿಕ್ಕಿತು. ಅದರ ಕೊನೆಯ ಪುಟ ತೆರೆದೇ ಇತ್ತು.

ನಾಗಲಕ್ಷ್ಮಿ: ಏನ್ರಿ, ಇಲ್ಲಿ ನಮ್ಮ ಹೆಸರು ಅದಾವ. ಚಾಳೀಸು ಹಾಕ್ಕೊಂಡು ಓದ್ರಿ.

ಶಂಕ್ರಪ್ಪ: (ಓದುತ್ತ) “ಅಪ್ಪ, ಖಾರ. ಅವ್ವ, ಚಹಾ. ಅಜ್ಜಿ, ಎಲಿ-ಅಡಿಕಿ.” ಆಹಾ! ನೋಡಿದ್ಯಾ? ನಾವು ಬಿಟ್ಟದ್ದನ್ನ ಕೂಸು ಬರದಿಟ್ಟೈತಿ. ಮೊದಲನೇ ಹೆಸರು ಯಾರದು?

ನಾಗಲಕ್ಷ್ಮಿ: ಅಕ್ಷರದ ಲೆಕ್ಕದಾಗ ಬರದಿದ್ರ ‘ಅಜ್ಜಿ’ ಮೊದಲ ಬರತಿತ್ತು. ಭಾಳ ಹಿಗ್ಗಬ್ಯಾಡ್ರಿ.

ಉಚ್ಚಂಗೆವ್ವ: ಕಡಿಗೆ ಬರದ್ರೇನಾತು, ಎಲ್ಲಾಕ್ಕಿಂತ ಭಾರದ್ದು ನಂದ. ಮುಂದ ಓದೋ ತಮ್ಮಾ.

ಶಂಕ್ರಪ್ಪ: “ಈ ಪರೀಕ್ಷಾನೂ ಹ್ವಾದ್ರ ಮೂರನೇ ಪರೀಕ್ಷಾ ತನಕ ಅಪ್ಪಗ ಸಪ್ಪನ ಊಟ, ಅವ್ವಗ ತಲಿನೋವು, ಅಜ್ಜಿಗೆ ನಿದ್ದಿ ಇಲ್ಲ. ಅದೂ ಹ್ವಾದ್ರ...”

ಶಂಕ್ರಪ್ಪನವರು ಚಾಳೀಸನ್ನು ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು.

ನಾಗಲಕ್ಷ್ಮಿ: ಅದೂ ಹ್ವಾದ್ರ?

ಶಂಕ್ರಪ್ಪ: “ಅದೂ ಹ್ವಾದ್ರ ಪೂರಾ ಒಂದು ವರ್ಷ. ಎಲ್ಲಾ ನನ್ನಿಂದ.”

ಮೂವರೂ ತಲೆ ಎತ್ತಿದರೆ ಮೆಟ್ಟಿಲ ಮೇಲೆ ಸ್ನೇಹಾ ನಿಂತಿದ್ದಳು.

ಸ್ನೇಹಾ: ಅದನ್ನ ಓದ್ರಿ ಅಂತ ಯಾರು ಹೇಳಿದ್ರು?

ನಾಗಲಕ್ಷ್ಮಿ: ಯವ್ವಾ, ನಾವು ನಿನ್ನ ಮನಸು ಹಗುರಾಗಲಿ ಅಂತ...

ಸ್ನೇಹಾ: ಹಗುರ? ಅವ್ವಾ, ನೀವು ಬೈದಿದ್ರ ಚಲೋ ಇತ್ತು. ಬೈಸ್ಕೊಂಡು, ಒಂದು ದಿನಾ ಅತ್ತು, ಎದ್ದು ಓದತಿದ್ನಿ. ಈಗ ಪುಸ್ತಕಾ ತಗದ್ರ ಪಾಠದ ಬದಲಿ ಅರಿವಿ ಕಟ್ಟಿದ ನಿನ್ನ ತಲಿ ಕಾಣತೈತಿ. ಮುಂದಿನ ಹಾಳಿ ತಿರುವಿದ್ರ ಅಪ್ಪ ಮಸರನ್ನದ ಮುಂದ ಅಳೂ ಮುಖಾ ಮಾಡ್ಕೊಂಡು ಕುಂತಿರತಾನ.

ಶಂಕ್ರಪ್ಪ: ಅಳೂ ಮುಖಾ ಅಲ್ಲವ್ವಾ ಅದು. ನನ್ನ ಮುಖಾನ ಹಂಗೈತಿ.

ಸ್ನೇಹಾ: ನಾಲ್ಕು ಮಾರ್ಕ್ಸ್ ನಾ ಹೆಂಗರ ತಗೋತಿದ್ನಿ. ಮೂರು ಮಂದಿನ ಹೊತ್ಕೊಂಡು ಪರೀಕ್ಷಾಕ್ಕ ಹೆಂಗ ಹೋಗಲಿ? ಕೂತ್ರ ಫೇಲಾಗ್ತೇನಿ ಅಂತ ಅಂಜಿಕಿ. ಅದಕ್ಕ ಕೂಡಂಗ ಇಲ್ಲ.

ನಾಗಲಕ್ಷ್ಮಿಯವರು ತಲೆಗೆ ಕಟ್ಟಿಕೊಂಡಿದ್ದ ಬಟ್ಟೆಯನ್ನು ಮೆಲ್ಲಗೆ ಬಿಚ್ಚಿ ಮಡಿಲಲ್ಲಿ ಅಡಗಿಸಿದರು. ಸ್ನೇಹಾ ಎರಡು ಮೆಟ್ಟಿಲು ಇಳಿದಳು.

ಸ್ನೇಹಾ: ಅಪ್ಪಾ, ಒಂದು ಮಾತು ಕೇಳ್ತೇನಿ. ಟೆಂಡರ್‌ದಾಗ ಖರೀದಿದಾರರು ಒಬ್ಬರಿಗಿಂತ ಒಬ್ಬರು ಹೆಚ್ಚಿಗಿ ರೇಟು ಬರೀತಾರ. ರೈತಗ ಒಪ್ಪಿಗಿ ಆಗಲಿಲ್ಲಂದ್ರ?

ಶಂಕ್ರಪ್ಪ: ಬ್ಯಾಡಂದ್ರ ಬ್ಯಾಡ. ಮಾಲು ಅವಂದು. ಜುಲುಮಿ ಮಾಡಿ ತೂಗಾಕ ಬರಂಗಿಲ್ಲ. ನಮ್ಮಪ್ಪನ ಕಾಲದಿಂದ ಈ ಅಂಗಡಿಯೊಳಗ ಒಬ್ಬ ರೈತನ ಚೀಲಾನೂ ಒಪ್ಪಿಗಿ ಇಲ್ಲದ ತಕ್ಕಡಿ ಏರಿಲ್ಲ!

ಸ್ನೇಹಾ: ನೀವು ಮೂರೂ ಮಂದಿ ಈಗ ನನ್ನ ಮ್ಯಾಲ ಟೆಂಡರ್ ಬರದಂಗ ಬರೀಲಿಕತ್ತಿದ್ರಿ. ಉಪ್ಪು ಅಂತ, ಚಪ್ಪಲಿ ಅಂತ, ಹಾಲು ಅಂತ. ಮಹಡಿ ತನಕ ಕೇಳಿಸ್ತು. ಮಾಲು ನಂದು. ನಾ ಒಪ್ಪಂಗಿಲ್ಲ.

ಶಂಕ್ರಪ್ಪನವರು ನೋಟ್‌ಬುಕ್ಕನ್ನು ಮುಚ್ಚಿ ತಟ್ಟೆಯ ಪಕ್ಕಕ್ಕಿಟ್ಟರು.

ನಾಗಲಕ್ಷ್ಮಿ: ಮೂವತ್ತು ವರ್ಷದ ದಲಾಲರು. ಮಗಳು ಒಂದs ಮಾತಿನಾಗ ತೂಗಿ ಕೆಳಗಿಳಿಸಿದ್ಳು.

ಶಂಕ್ರಪ್ಪ: ಖರೇ ಐತಿ. ಆದ್ರ ಇದು ಪ್ಯಾಟಿ ವ್ಯವಹಾರ ಅಲ್ಲ ತಂಗಿ. ದೇವರಿಗೆ ಕೊಟ್ಟ ಮಾತು. ತಿರುಗಿ ಹೆಂಗ ತಗೊಳ್ಳೂದು?

ಸ್ನೇಹಾ: ಅಜ್ಜಿ, ನೀ ಹೇಳು. ಮೈಲಾರಲಿಂಗ ಬಂದು ನಿನ್ನ ಎಲಿ-ಅಡಿಕಿ ಬೇಡಿದ್ನೇನು?

ಉಚ್ಚಂಗೆವ್ವ: ಅವ ಯಾಕ ಬೇಡತಾನ? ನಾನ ಕೊಟ್ಟೆ.

ಸ್ನೇಹಾ: ನಿನ್ನ ಭಕ್ತಿಗೆ ಕೊಟ್ಟಿದ್ರ ನಿನ್ನ ಹೆಸರಿಲೆ ಕೊಡು. ನನ್ನ ಮಾರ್ಕ್ಸ್ ಹೆಸರಿಲೆ ಯಾಕ?

ದೇವರನ್ನು ಎಪ್ಪತ್ತು ವರ್ಷ ನಂಬಿದವರು ಅವನ ಸ್ವಭಾವವನ್ನು ಅಷ್ಟಿಷ್ಟು ಬಲ್ಲವರಾಗಿರುತ್ತಾರೆ. ಉಚ್ಚಂಗೆವ್ವ ಸೆರಗು ಸರಿಮಾಡಿಕೊಂಡು ಎದ್ದು ನಿಂತರು.

ಉಚ್ಚಂಗೆವ್ವ: ಲೇ ಶಂಕ್ರಪ್ಪಾ, ಕೂಸಿನ ಎದಿ ಮ್ಯಾಲ ಕಲ್ಲಿಟ್ಟು, ದೇವರ ತಲಿ ಮ್ಯಾಲ ಹೂ ಏರಿಸಿದ್ರ ಅವಾ ಹೂ ತಗೋತಾನೇನೋ? ಮೊದಲ ಕಲ್ಲು ತಗೀ ಅಂತಾನ. ಅವ ಪಾಸಾದವರಿಗಷ್ಟ ದೇವರಲ್ಲ. ರವಿವಾರ ನಾನ ಗುಡ್ಡಕ್ಕ ಹೋಗ್ತೇನಿ. “ಯಪ್ಪಾ, ನಮಗ ತಿಳೀಲಾರದ ಕೂಸಿನ ಮ್ಯಾಲ ಭಾರ ಹೊರಸಿದ್ವಿ, ಹೊಟ್ಟ್ಯಾಗ ಹಾಕ್ಕೋ” ಅಂತ ತಪ್ಪುಕಾಣಿಕಿ ಹಾಕಿ, ಮೂರು ಕಾಯಿ ಒಡಸಿಕೊಂಡು ಬರ್ತೇನಿ.

ನಾಗಲಕ್ಷ್ಮಿ: ರವಿವಾರ ತನಕ ಕಾಯಬೇಕೇನ್ರಿ, ಅತ್ತೀ?

ಉಚ್ಚಂಗೆವ್ವ: ಅವ ಗುಡ್ಡದಾಗ ಅಷ್ಟ ಅದಾನೇನು? ಇಲ್ಲೇ ಕೇಳಿಸ್ಕೊಂಡಾನ. ಚಹಾಕ್ಕ ಇಡು.

ಹನ್ನೊಂದು ದಿನಗಳ ನಂತರ ಆ ಒಲೆಯ ಮೇಲೆ ಚಹಾ ಏರಿತು. ಸ್ನೇಹಾ ಕೆಳಗಿಳಿದು ತನ್ನ ಅರ್ಧ ರೊಟ್ಟಿಯ ಮುಂದೆ ಕುಳಿತಳು, ಆದರೆ ಮುರಿಯಲಿಲ್ಲ.

ಸ್ನೇಹಾ: ಅಪ್ಪಾ, ಮತ್ತ ಫೇಲಾದ್ರ?

ಶಂಕ್ರಪ್ಪ: ಫೇಲಾದ್ರ ನಾ ಮೆಣಸಿನಕಾಯಿ ತಿಂತೇನಿ.

ಸ್ನೇಹಾ: ಪಾಸಾದ್ರ?

ಶಂಕ್ರಪ್ಪ: ಆಗೂ ತಿಂತೇನಿ. ನೀ ಬರದು ಬಾ ಸಾಕು. ಬಾಗಲಾ ಹಾಕ್ಕೋಬ್ಯಾಡ. ಅದೊಂದು ನಮ್ಮ ಕಡಿಂದ ತಡಿಯಾಕ ಆಗಂಗಿಲ್ಲ.

ಹುಡುಗಿ ನಕ್ಕಳು. ಕಣ್ಣು ಒರೆಸಿಕೊಳ್ಳುತ್ತಲೇ ನಕ್ಕಳು. ರೊಟ್ಟಿ ಮುರಿದು, ತಾಯಿಯ ಕಡೆಗೆ ಇನ್ನೊಂದಕ್ಕೆ ಕೈ ಚಾಚಿದಳು.

ಸ್ನೇಹಾ: ಬರೀತೇನಿ. ಇಲ್ಲೇ ಕುಂತು ಓದತೇನಿ, ಮಹಡಿ ಮ್ಯಾಲ ಧಗಿ.

ಉಚ್ಚಂಗೆವ್ವ: ಓದು, ನನ್ನವ್ವ. ಗಾಳಿಗೆ ಕುಂದರು. ಬೆನ್ನು ನೆಟ್ಟಗಿಟ್ಕೋ.

ನಾಗಲಕ್ಷ್ಮಿ: ಅತ್ತೀ, ಓದೋರ ಹಂತ್ಯಾಕ ಮಾತಾಡಬಾರದು. ಸ್ನೇಹಾ, ತಲಿಗೆ ಎಣ್ಣಿ ಹಚ್ಚಲೇನು?

ಶಂಕ್ರಪ್ಪ: ಎಣ್ಣಿ ಹಚ್ಚಿದ್ರ ನಿದ್ದಿ ಬರತೈತಿ. ತಂಗೀ, ಮೊದಲ ಸಣ್ಣ ಪ್ರಶ್ನಿ ಬರಿ. ನಮ್ಮ ಕಾಲಕ್ಕ ನಾವು...

ನಾಗಲಕ್ಷ್ಮಿ: ನಿಮ್ಮ ಕಾಲಕ್ಕ ನೀವು ಕಾಲೇಜಿಗೆ ಎಲ್ಲಿ ಹೋಗೀರಿ?

ಉಚ್ಚಂಗೆವ್ವ: ಹೋಗಿದ್ದ. ತನ್ನ ಗೆಳ್ಯಾನ ಸೈಕಲ್ ಬಿಟ್ಟು ಬರಾಕ.

ಶಂಕ್ರಪ್ಪ: ಅವ್ವಾ! ಮಕ್ಕಳ ಮುಂದ ಅದನ್ನ...

ಸ್ನೇಹಾ ಆಗಷ್ಟೇ ತೆರೆದ ನೋಟ್‌ಬುಕ್ಕನ್ನು ಮುಚ್ಚಿಟ್ಟು ಮೂವರಿಗೂ ಕೈ ಮುಗಿದಳು.

ಸ್ನೇಹಾ: ನಿಮ್ಮ ಕಾಲಿಗೆ ಬೀಳ್ತೇನಿ. ನಾನ ಬಾಯಿಬಿಟ್ಟು ಕೇಳಾಕತ್ತೇನಿ, ನನ್ನ ಸಲುವಾಗಿ ಒಂದು ಹರಕಿ ಹೊರ್ರಿ. ಮೂರೂ ಮಂದಿ ಒಂದು ತಾಸು ಮಾತು ಬಿಡ್ರಿ.

ಮೂವರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು.

ಉಚ್ಚಂಗೆವ್ವ: ಯವ್ವಾ, ಅಷ್ಟು ದೊಡ್ಡ ಹರಕಿ ಈ ಮನಿತನದಾಗ ಇಲ್ಲಿತನಕ ಯಾರೂ ಹೊತ್ತಿಲ್ಲ. ಹತ್ತು ನಿಮಿಷಕ್ಕ ಬಗೀಹರಸು!